ಮೂರನೆಯ ಇಂಜೆಕ್ಟರ್

ಆಕ್ಸಿಲರೇಟರ್ ಪೆಡಲಿನ ರಬ್ಬರು ಒಂದು ಮೂಲೆಯಲ್ಲಿ ಸವೆದು ಒಳಗಿನ ಕಬ್ಬಿಣ ಹೊಳೆಯುತ್ತಿದೆ, ಅದು ಗಂಡನ ಬೂಟಿನ ಕೆಲಸ, ನನ್ನ ಚಪ್ಪಲಿಯ ತುದಿ ಅಲ್ಲಿಗೇ ಜಾರಿ ಜಾರಿ ಹೋಗುತ್ತಿದೆ, ಅಮ್ಮಾ ಇನ್ನೊಂಚೂರು ಕೊಡಿ ಎನ್ನುತ್ತಿದ್ದಾರೆ ಗ್ಯಾರೇಜಿನ ಮೇಸ್ತ್ರಿ ಎತ್ತಿದ ಬಾನೆಟ್ಟಿನ ಆಚೆಯಿಂದ, ಕೊಡುತ್ತೇನೆ, ಇಂಜಿನ್ ಏರುತ್ತದೆ, ಅದರ ಜೊತೆಗೆ ಅದೂ ಏರುತ್ತದೆ — ಟಕ್ ಟಕ್ ಟಕ್, ತಗಡಿನ ಡಬ್ಬಿಯೊಳಗೆ ಸಿಕ್ಕಿಕೊಂಡವರು ಯಾರೋ ಬೆರಳ ಗೆಣ್ಣಿನಿಂದ ಬಡಿದ ಹಾಗೆ, ಬಿಡಿ ಅಮ್ಮಾ, ಬಿಡುತ್ತೇನೆ, ಅದು ನಿಧಾನವಾಗುತ್ತದೆ, ನಿಲ್ಲುವುದಿಲ್ಲ, ನಿಲ್ಲಬೇಡ ಎಂದು ನಾನು ಹಲ್ಲು ಕಚ್ಚಿ ಕೂತಿದ್ದೇನೆ. ಬಾನೆಟ್ಟು ಎತ್ತಿದಾಗ ಅದರ ಬುಡದಲ್ಲಿ ನಾಲ್ಕು ಬೆರಳಗಲದ ಸಂದು ಉಳಿಯುತ್ತದೆ, ಡ್ರೈವರ್ ಸೀಟಿನಿಂದ ನೋಡಿದರೆ ಆ ಸಂದಿನಲ್ಲಿ ತಲೆಯಿಲ್ಲದ ಜನ, ಎಡಗಡೆ ಮೇಸ್ತ್ರಿಯ ಎಣ್ಣೆ ಮೆತ್ತಿದ ಮುಂಗೈ, ಎದುರಿಗೆ ಇಸ್ತ್ರಿ ಮಾಡಿದ ಅಂಗಿಯೊಳಗೆ ನನ್ನ ಗಂಡನ ಹೊಟ್ಟೆ — ಇಸ್ತ್ರಿ ನನ್ನದೇ — ಮತ್ತು ಗ್ರಿಲ್ಲಿನ ಮೇಲಿನ ಪಟ್ಟಿಗೆ ಊರಿದ ಎರಡು ಕೈ, ಕೈಗಳನ್ನಷ್ಟೇ ನೋಡಿದರೆ ಒಳ್ಳೆಯ ಕೈಗಳು, ಉಗುರು ಕತ್ತರಿಸಿದ, ಸೋಪು ಹಾಕಿ ತೊಳೆದ, ಯಾರ ಕೂದಲನ್ನೂ ಹಿಡಿದು ಗೊತ್ತಿಲ್ಲದ ಕೈಗಳು. ಆಫೀಸಿನಲ್ಲಿ ಪಕ್ಕದ ಕುರ್ಚಿಯವನು ಕೇಳಿದನಂತೆ, ಏನಯ್ಯಾ, ದಿನಾ ಹಿಟ್ಟಿನ ಗಿರಣಿ ಓಡಿಸ್ಕೊಂಡು ಬರ್ತೀಯಾ, ಎಲ್ಲರೂ ನಕ್ಕರಂತೆ, ಆ ನಗುವನ್ನು ಇವನು ಮನೆಗೆ ಹೊತ್ತು ತಂದ, ಮೊನ್ನೆ ಸಂಜೆ ಅದನ್ನು ನನ್ನ ಬೆನ್ನಿನ ಮೇಲೆ ಇಳಿಸಿದ, ಬೆಲ್ಟಿನ ಬಕಲ್ಲಿನ ಕಡೆಯಿಂದ, ನಿಮ್ಮಪ್ಪನ ಗುಜರಿ ಗಾಡಿ, ನಿಮ್ಮಪ್ಪನ ಗುಜರಿ ಮಗಳು, ಸೀಟಿಗೆ ಒರಗಲು ಆಗುತ್ತಿಲ್ಲ, ಅದಕ್ಕೇ ಸ್ಟೇರಿಂಗಿಗೆ ಎದೆಯೂರಿ ಕೂತಿದ್ದೇನೆ, ಮೇಸ್ತ್ರಿ ನೋಡಿದರೆ ಎಷ್ಟು ಶ್ರದ್ಧೆಯಿಂದ ಕೇಳುತ್ತಿದ್ದಾಳೆ ಅಂದುಕೊಳ್ಳಬೇಕು.

ಈ ಸದ್ದು ನಿಂತರೆ ನನ್ನ ನಲವತ್ತು ಎಣಿಕೆ ಹೋಗುತ್ತದೆ. ಬೀದಿಯ ತಿರುವಿನಲ್ಲಿ ಇವನು ಎರಡನೇ ಗೇರಿಗೆ ಇಳಿಸುತ್ತಾನೆ, ಅಲ್ಲಿಂದ ಏರು, ಏರಿನಲ್ಲಿ ಇಂಜಿನ್ನಿನ ಮೇಲೆ ಭಾರ ಬಿದ್ದ ಕೂಡಲೇ ಟಕ್ ಟಕ್ ನಮ್ಮ ಅಡುಗೆಮನೆಯ ಕಿಟಕಿಗೆ ಬಂದು ಮುಟ್ಟುತ್ತದೆ, ಅಲ್ಲಿಂದ ಗೇಟಿಗೆ ನಲವತ್ತು, ಮಗಳಿಗೆ ಒಂಬತ್ತು ವರ್ಷ, ನನಗಿಂತ ಮೊದಲು ಅವಳ ಪೆನ್ಸಿಲ್ಲು ನಿಲ್ಲುತ್ತದೆ, ಅಮ್ಮಾ ಬಂತು, ಅಪ್ಪ ಬಂದ್ರು ಅನ್ನುವುದಿಲ್ಲ, ಬಂತು, ಹತ್ತರೊಳಗೆ ಪುಸ್ತಕ ಚೀಲಕ್ಕೆ, ಹದಿನೈದಕ್ಕೆ ಚಪ್ಪಲಿ ಕೈಯಲ್ಲಿ, ಇಪ್ಪತ್ತಕ್ಕೆ ಹಿಂಬಾಗಿಲು, ಮಹಡಿಯ ಮೇಲಿನ ಹೊಲಿಗೆಯಮ್ಮ ಬಾಗಿಲು ತೆರೆದು ನಿಂತಿರುತ್ತಾರೆ, ಅವರಿಗೂ ಕೇಳಿಸಿರುತ್ತದೆ, ನಾನು ಒಲೆ ಆರಿಸುತ್ತೇನೆ, ಕಾದ ಬಾಣಲೆ ಹಿತ್ತಲ ಕಟ್ಟೆಗೆ, ಇಸ್ತ್ರಿಪೆಟ್ಟಿಗೆ ಹಾಸಿಗೆಯ ಸುರುಳಿಯೊಳಗೆ, ಬಚ್ಚಲಮನೆಯ ಬೀಗದಕೈ ರವಿಕೆಯೊಳಗೆ — ನನ್ನನ್ನು ಒಳಗೆ ನೂಕಿ ಬೀಗ ಜಡಿದು ಹೋಗಬಾರದು, ಒಂದು ಸಲ ಹೋಗಿದ್ದ, ಒಂದೂವರೆ ದಿನ — ಮೂವತ್ತೈದಕ್ಕೆ ಮುಖಕ್ಕೆ ನೀರು, ನಲವತ್ತಕ್ಕೆ ಗೇಟು. ಟಕ್ಕುಗಳ ನಡುವಿನ ಅಂತರದಲ್ಲೇ ಇವನ ಪಾದ ತಿಳಿಯುತ್ತದೆ, ಒಂದರ ಮೇಲೊಂದು ಬಿದ್ದರೆ ಯಾರೋ ಏನೋ ಅಂದಿದ್ದಾರೆ, ಅದನ್ನು ಕೆನ್ನೆಯ ಮೇಲೆ ಇಳಿಸುತ್ತಾನೆ, ಬೇಗ ಮುಗಿಯುತ್ತದೆ, ಬಿಡಿಬಿಡಿಯಾಗಿ ಬಂದರೆ ಅದು ಕೆಟ್ಟದ್ದು, ನಿಧಾನವಾಗಿ ಯೋಚಿಸಿಕೊಂಡು ಬರುತ್ತಿದ್ದಾನೆ ಎಂದು ಅರ್ಥ. ಹೋದ ವರ್ಷ ಒಂದು ದಿನ ಟೈರು ಒಡೆದು ಗಾಡಿಯನ್ನು ದಾರಿಯಲ್ಲೇ ಬಿಟ್ಟು ಯಾರದೋ ಸ್ಕೂಟರಿನ ಹಿಂದೆ ಕೂತು ಬಂದ, ಬೀದಿಯಲ್ಲಿ ನೂರು ಸ್ಕೂಟರು, ಯಾವ ಸ್ಕೂಟರೂ ಇವನ ಹೆಸರು ಹೇಳುವುದಿಲ್ಲ, ಬಾಗಿಲು ತೆರೆದಾಗ ಮಗಳು ನೆಲದ ಮೇಲೆ ಬೋರಲಾಗಿ ಬಣ್ಣ ಹಚ್ಚುತ್ತಿದ್ದಳು, ನಾನು ಇವನದೇ ಅಂಗಿಗೆ ಇಸ್ತ್ರಿ ಹಾಕುತ್ತಿದ್ದೆ, ಪೆಟ್ಟಿಗೆ ಕಾದಿತ್ತು, ಎಷ್ಟು ಸಲೀಸಾಗಿ ನನ್ನ ಕೈಯಿಂದ ತೆಗೆದುಕೊಂಡ, ಕೊಡು ಇಲ್ಲಿ ಅಂದ ಹಾಗೆ, ಮೊಣಕೈಯ ಒಳಬದಿಗೆ ಅದು ಕೂತಾಗ ಬಂದದ್ದು ದೊಡ್ಡ ಸದ್ದೇನಲ್ಲ, ಒದ್ದೆ ಬಟ್ಟೆಯ ಮೇಲೆ ಕೂತಾಗ ಬರುವ ಸುಂಯ್, ಮಗಳು ನಡುವೆ ಬಂದಳು, ಬರಬಾರದಿತ್ತು, ತಿರುಗಿದ ಕೈಯಲ್ಲಿದ್ದ ಪೆಟ್ಟಿಗೆಯ ಮೂತಿ ಅವಳ ಹುಬ್ಬಿಗೆ, ಐದು ಹೊಲಿಗೆ, ಬಾಗಿಲು ತಗುಲಿತು ಡಾಕ್ಟ್ರೇ ಅಂದೆವು, ಡಾಕ್ಟರು ಅವಳ ಹುಬ್ಬು ನೋಡಿದರು, ನನ್ನ ತೋಳು ನೋಡಿದರು, ನಿಮ್ಮನೆ ಬಾಗಿಲು ತುಂಬಾ ಬಿಸಿ ಇರತ್ತೇನಮ್ಮಾ ಅಂದರು, ಅಷ್ಟೇ ಅಂದರು. ಅಣ್ಣನಿಗೆ ಫೋನು ಮಾಡಿದರೆ, ನೀನೂ ಸ್ವಲ್ಪ ಬಾಯಿ ಕಮ್ಮಿ ಮಾಡಮ್ಮ.

ಅಂದಿನಿಂದ ಈ ಗಾಡಿ ಒಂದು ದಿನವೂ ಕೆಟ್ಟು ನಿಲ್ಲದ ಹಾಗೆ ನೋಡಿಕೊಂಡೆ, ಕೆಟ್ಟರೆ ಸ್ಕೂಟರು. ಪ್ರತಿ ಭಾನುವಾರ ಬೆಳಿಗ್ಗೆ ಇವನು ಮಲಗಿರುವಾಗ ಆಯಿಲ್ ಕಡ್ಡಿ ಎಳೆದು ಒರೆಸಿ ನೋಡುತ್ತೇನೆ, ಕೂಲಂಟು ಗೆರೆಯವರೆಗೆ, ಬ್ಯಾಟರಿಯ ತುದಿಗಳಿಗೆ ಗ್ರೀಸು, ಏರ್ ಫಿಲ್ಟರನ್ನು ಕಟ್ಟೆಗೆ ಬಡಿದು ಧೂಳು ಉದುರಿಸುತ್ತೇನೆ, ಧೂಳು ಉದುರಿಸುವಾಗ ಬೇಕಾದ್ದಕ್ಕಿಂತ ಜೋರಾಗಿ ಬಡಿಯುತ್ತೇನೆ, ಅದು ಫಿಲ್ಟರ್ ಎಂದು ಮರೆತುಹೋಗುತ್ತದೆ, ಕೈ ಸೋಲುವ ತನಕ ಬಡಿಯುತ್ತೇನೆ. ಅಪ್ಪ ಜೀವಮಾನವೆಲ್ಲ ಬಾಡಿಗೆ ಗಾಡಿ ಓಡಿಸಿ ಕೊನೆಗೆ ಇದೊಂದನ್ನು ಸ್ವಂತಕ್ಕೆ ಕೊಂಡವರು, ಹದಿನಾರು ವರ್ಷ ಆಯಿತು, ಕೋಲಿನ ಒಂದು ತುದಿಯನ್ನು ಇಂಜಿನ್ನಿಗೆ ತಾಗಿಸಿ ಇನ್ನೊಂದನ್ನು ಹಲ್ಲಿನಲ್ಲಿ ಕಚ್ಚಿ ಕೇಳುತ್ತಿದ್ದರು, ಕಿವಿ ಊರಿನ ಸದ್ದನ್ನೆಲ್ಲ ಒಳಗೆ ಬಿಟ್ಕೊಳ್ಳತ್ತೆ ಮಗಳೇ, ಹಲ್ಲು ಬಿಡಲ್ಲ, ನನಗೂ ಕಚ್ಚಲು ಕೊಡುತ್ತಿದ್ದರು, ತಲೆಬುರುಡೆಯೊಳಗೇ ಇಂಜಿನ್ ಓಡಿದ ಹಾಗೆ, ಎರಡು ವರ್ಷದ ಹಿಂದೆ ಹಾಗೇ ಮರದ ಸೌಟು ಕಚ್ಚಿ ಕೇಳಿದಾಗ ತಿಳಿಯಿತು, ಮೂರನೆಯ ಇಂಜೆಕ್ಟರು ಡೀಸೆಲನ್ನು ಹೊತ್ತಿಗೆ ಮುಂಚೆಯೇ ಉಗುಳುತ್ತಿದೆ, ಅದಕ್ಕೇ ಈ ಬಡಿತ, ಬಾನೆಟ್ಟು ಮುಚ್ಚಿದೆ, ಯಾರಿಗೂ ಹೇಳಲಿಲ್ಲ, ಆಮೇಲೆ ಇವನ ಮೊಣಕೈಗೆ ಎಡದವಡೆಯ ಎರಡು ಹಲ್ಲು ಹೋದವು, ಈಗ ಬಲದವಡೆಯಲ್ಲಿ ಕಚ್ಚುತ್ತೇನೆ.

ಸಾರ್, ಸದ್ದು ತಣ್ಣಗಿದ್ದಾಗ ಬರತ್ತೋ ಬಿಸಿಯಾದ್ಮೇಲೋ, ಮೇಸ್ತ್ರಿ ಕೇಳುತ್ತಿದ್ದಾರೆ, ಇವನಿಗೆಲ್ಲಿ ಗೊತ್ತು, ಯಾವಾಗ್ಲೂ ಬರತ್ತೆ ಕಣ್ರೀ, ನಾನು ಕಿಟಕಿಯಿಂದ ತಲೆ ಹಾಕಿ, ಬೆಳಿಗ್ಗೆ ತಣ್ಣಗಿದ್ದಾಗ ಮಾತ್ರ ಮೇಸ್ತ್ರಿ, ಆಮೇಲೆ ಹೋಗತ್ತೆ, ಹಳೇ ಡೀಸೆಲ್ ಗಾಡಿ ಅಲ್ವಾ, ಇಷ್ಟು ಇದ್ದೇ ಇರತ್ತೆ — ಸುಳ್ಳು ಎಷ್ಟು ಸಲೀಸಾಗಿ ಬಂತು — ಮೇಸ್ತ್ರಿ ಉದ್ದ ಸ್ಕ್ರೂಡ್ರೈವರಿನ ಹಿಡಿಗೆ ಕಿವಿಯಿಟ್ಟು ನಕ್ಕರು, ಈಗ ಕಾದು ಕೆಂಡ ಆಗಿದೆಯಲ್ಲಮ್ಮಾ, ಆದ್ರೂ ಬಡೀತಿದೆ, ಇವನು, ಅವಳ ಮಾತೇನ್ ಕೇಳ್ತೀರಿ ಬಿಡ್ರೀ, ಅವಳಿಗೆ ಮಿಕ್ಸಿಗೂ ಇಂಜಿನ್‌ಗೂ ವ್ಯತ್ಯಾಸ ಗೊತ್ತಿಲ್ಲ. ಒಂದೊಂದೇ ಸಿಲಿಂಡರ್ ಸಾಯಿಸಿ ನೋಡೋಣ ಸಾರ್, ಯಾವ್ದು ಸತ್ರೆ ಸದ್ದು ನಿಲ್ಲತ್ತೋ ಅವನೇ ಕಳ್ಳ, ಮೊದಲನೆಯದರ ವೈರು ಕಿತ್ತರು, ಇಂಜಿನ್ ಕುಂಟಿತು, ಟಕ್ ಟಕ್ ಇದ್ದೇ ಇತ್ತು, ಮತ್ತೆ ಸಿಕ್ಕಿಸಿದರು, ಎರಡನೆಯದು, ಕುಂಟಿತು, ಟಕ್ ಟಕ್, ನಮ್ಮ ಮನೆಯಲ್ಲಿರುವವರು ಮೂವರು, ಯಾರನ್ನು ಸಾಯಿಸಿದರೆ ನಿಲ್ಲುತ್ತದೆ, ನನ್ನನ್ನು ಅಂತ ಇವನೊಮ್ಮೆ ಪರೀಕ್ಷೆ ಮಾಡಿದ್ದಾನೆ, ದಿಂಬು ಮುಖದ ಮೇಲಿಟ್ಟು ಮಂಡಿಯೂರಿ, ದಿಂಬಿನೊಳಗಿನ ಹತ್ತಿ ನನ್ನ ಉಸಿರಿಗೆ ಒದ್ದೆಯಾಗಿ ಬಾಯಿಗೆ ಅಂಟಿತ್ತು, ಆಮೇಲೆ ಬೇಜಾರು ಬಂದು ಎದ್ದು ಹೋದ — ಮೂರನೆಯ ವೈರು ಕಿತ್ತರು, ನಿಂತಿತು. ಎರಡು ವರ್ಷದಲ್ಲಿ ಮೊದಲ ಸಲ ನಿಂತಿತು, ಕುಂಟುವ ಇಂಜಿನ್ನಿನ ಉಸಿರಷ್ಟೇ ಉಳಿಯಿತು, ಸಿಕ್ಕ ನೋಡಿ ಕಳ್ಳ, ಮೇಸ್ತ್ರಿಯ ಕೈ ಆಯಿಲ್ ಕಡ್ಡಿ ಎಳೆಯಿತು, ನೋಡಿತು, ಬ್ಯಾಟರಿಯ ಗ್ರೀಸನ್ನು ಉಗುರಿನಿಂದ ಕೆರೆಯಿತು, ಗಾಡಿ ನೋಡ್ಕೊಳ್ಳೋರು ಯಾರು ಸಾರ್, ಇನ್ಯಾರು, ನಾನೇ ಅಂದ ಇವನು, ಹಾಗಾದ್ರೆ ಒಂದು ಮಾತು ಕೇಳ್ತೀನಿ ತಪ್ಪು ತಿಳೀಬೇಡಿ, ಇಷ್ಟು ಹಳೇ ಗಾಡಿ ಇಷ್ಟು ಚೊಕ್ಕವಾಗಿ ನಾನು ನೋಡಿಲ್ಲ, ಎಲ್ಲಾನೂ ಮಗು ಥರ ನೋಡ್ಕೊಂಡು ಇದೊಂದನ್ನ ಯಾಕೆ ಬಿಟ್ರಿ, ಇದು ಕಿವುಡರಿಗೂ ಕೇಳತ್ತಲ್ಲ ಸಾರ್.

ಮೇಸ್ತ್ರಿ, ಯಾಕೆ ಕೇಳಿದಿರಿ. ಸಂದಿನಲ್ಲಿ ಆ ಎರಡು ಕೈಗಳು ಅಲ್ಲಾಡಲಿಲ್ಲ, ಹೊಟ್ಟೆ ಅಲ್ಲಾಡಲಿಲ್ಲ, ಮೆಲ್ಲಗೆ ತಲೆ ಬಗ್ಗಿತು, ಎರಡು ಕಣ್ಣು ಸಂದಿನೊಳಗೆ ಬಂದು ನನ್ನ ಮೇಲೆ ನಿಂತವು, ಭಾನುವಾರ ಬೆಳಿಗ್ಗೆ ಯಾರು ಎದ್ದಿರುತ್ತಾರೆ ಎಂದು ಅವು ಲೆಕ್ಕ ಹಾಕುತ್ತಿದ್ದವು, ತಾನು ಬಂದಾಗಲೆಲ್ಲ ಮಗಳು ಯಾಕೆ ಮನೆಯಲ್ಲಿರುವುದಿಲ್ಲ, ಒಲೆ ಯಾಕೆ ಆರಿರುತ್ತದೆ, ಇಸ್ತ್ರಿಪೆಟ್ಟಿಗೆ ಯಾಕೆ ಸಿಗುವುದಿಲ್ಲ, ಒಂದೊಂದಾಗಿ ಸಿಕ್ಕಿಸಿಕೊಂಡವು, ಓಹೋ ಅಂದ, ನಕ್ಕ, ನಿಜವಾಗಿಯೂ ಖುಷಿಯಿಂದ ನಕ್ಕ, ಮೇಸ್ತ್ರಿ, ನಮ್ಮನೆಯವಳಿಗೆ ಇದೇ ಕಾಲಿಂಗ್ ಬೆಲ್ಲು, ಬೀದಿ ತುದೀಲೇ ಗೊತ್ತಾಗ್ಬಿಡತ್ತೆ ಯಜಮಾನ್ರು ಬಂದ್ರು ಅಂತ, ಮೇಸ್ತ್ರಿಯೂ ನಕ್ಕರು, ಪ್ರೀತಿ ಸಾರ್, ಹೌದು ಪ್ರೀತಿ, ತೆಗೆದ್ಹಾಕಿ, ಹೊಸದು ಹಾಕಿ, ಬೆಕ್ಕಿನ ಥರ ಹೋಗ್ಬೇಕು ನಾನು ಮನೆಗೆ. ಆಮೇಲೆ ಕಿಟಕಿಯ ಹತ್ತಿರ ಬಂದು ಗಾಜಿನ ಅಂಚಿಗೆ ಗದ್ದ ಊರಿ, ಮೆಲ್ಲಗೆ, ಮೇಸ್ತ್ರಿಗೆ ಕೇಳದ ಹಾಗೆ, ಎರಡು ವರ್ಷ ಆಟ ಆಡಿಸ್ದೆ ಅಲ್ವೇನೇ, ಇವತ್ತು ಸಂಜೆ ಅವಳೂ ಇರ್ಲಿ, ಇಬ್ಬರಿಗೂ ಸೇರಿಸಿ ಪಾಠ. ಅವಳೂ. ಇವನು ಎಂದೂ ಅವಳನ್ನು ಬೇಕೆಂದೇ ಮುಟ್ಟಿರಲಿಲ್ಲ, ಅವಳು ನಡುವೆ ಬಂದಳು ಅಷ್ಟೇ ಎಂದು ನಾನು ಒಂದು ವರ್ಷದಿಂದ ಹೇಳಿಕೊಳ್ಳುತ್ತಿದ್ದೆ, ಅವಳೂ ಇರಲಿ.

ಮುಕ್ಕಾಲು ಗಂಟೆ. ಹಿಡಿತದ ಬೋಲ್ಟು ಬಿಚ್ಚಿದರು, ಡೀಸೆಲ್ ಪೈಪು ಬಿಚ್ಚಿದರು, ಇಂಜೆಕ್ಟರು ಅಂಟಿಕೊಂಡಿತ್ತು, ಬರಲೊಲ್ಲದು, ಮೇಸ್ತ್ರಿ ಅದರ ಕುತ್ತಿಗೆಗೆ ಕೊಕ್ಕೆ ಹಾಕಿ ಕೆಳಗಿನಿಂದ ಮೇಲಕ್ಕೆ ಸುತ್ತಿಗೆಯ ಏಟು, ಒಂದು, ಎರಡು, ಪ್ರತಿ ಏಟಿಗೆ ನನ್ನ ಬೆನ್ನಿನ ಚರ್ಮ ತಾನಾಗಿ ಸೆಟೆಯಿತು, ಕೊನೆಗೆ ಹಲ್ಲು ಕಿತ್ತ ಹಾಗೆ ಬಂತು, ಮಸಿ ಮೆತ್ತಿದ ಬೇರಿನ ಸಮೇತ, ಹೊಸದನ್ನು ಕೂರಿಸಿದರು, ಹಾಕಿ ಅಮ್ಮಾ ಚಾವಿ, ಹಾಕಿದೆ, ಇಂಜಿನ್ ಕೆಮ್ಮಿತು, ಹಿಡಿಯಿತು, ಮತ್ತೆ ಏನೂ ಇಲ್ಲ. ಒಂದು ಸಣ್ಣ ಗುಂಯ್, ಅಷ್ಟೇ, ಪಕ್ಕದ ಮನೆಯಲ್ಲಿ ಫ್ಯಾನು ತಿರುಗಿದ ಹಾಗೆ, ನೋಡಿ ಸಾರ್, ಮಗು ಮಲಗಿದ ಹಾಗಿದೆ, ಒಂದು ತಮಾಷೆ ತೋರಿಸ್ತೀನಿ ತಾಳಿ, ಕುಡಿಯುವ ನೀರಿನ ಗಾಜಿನ ಲೋಟವನ್ನು ತುಂಬಿ ಇಂಜಿನ್ನಿನ ತಲೆಯ ಮೇಲೆ ಸಮನಾದ ಜಾಗದಲ್ಲಿ ಇಟ್ಟರು, ಅಂಚಿಗೆ ಒಂದು ಕೂದಲಿನಷ್ಟು ಕೆಳಗೆ ನೀರು, ಚೆಲ್ಲಿದ್ರೆ ನನ್ನ ಕೇಳಿ ಸಾರ್, ಚೆಲ್ಲಲಿಲ್ಲ, ಭಲೇ ಮೇಸ್ತ್ರಿ ಅಂದ ಇವನು, ಕೈ ತೊಳ್ಕೊಂಡು ಬರ್ತೀನಿ ಸಾರ್, ಅಮ್ಮಾ ಆಫ್ ಮಾಡ್ಬೇಡಿ, ಐದು ನಿಮಿಷ ಓಡ್ಲಿ, ಮೇಸ್ತ್ರಿಯ ಚಪ್ಪಲಿ ಹಿಂದಿನ ನಲ್ಲಿಯ ಕಡೆಗೆ ಹೋಯಿತು, ನಲ್ಲಿ ಸುರಿಯಿತು. ಸಂದಿನಲ್ಲಿ ಲೋಟ, ಲೋಟದ ಆಚೆ ಅಂಗಿಯ ಹೊಟ್ಟೆ, ಬಗ್ಗಿ ನೀರನ್ನೇ ನೋಡುತ್ತಿದ್ದಾನೆ, ಇವನ ಹಿಂದೆ ಒಂದು ಗೇಣು ಬಿಟ್ಟು ಸೊಂಟದೆತ್ತರದ ಕಬ್ಬಿಣದ ಬೆಂಚು, ಗೋಡೆಗೆ ಹೂತದ್ದು, ಮುಂದೆ ಒಂದು ಗೇಣು ಬಿಟ್ಟು ಬಂಪರು, ನಡುವೆ ಇವನ ತೊಡೆ.

ನಾನು ಯೋಚಿಸಲಿಲ್ಲ, ಯೋಚಿಸಿದ್ದು ನನ್ನ ಎಡಗಾಲು, ಅದು ಕ್ಲಚ್ಚನ್ನು ನೆಲದವರೆಗೆ ಒತ್ತಿತು, ಕೈ ಮೊದಲನೇ ಗೇರನ್ನು ಹುಡುಕಿತು, ಬೆಣ್ಣೆಯೊಳಗೆ ಇಳಿದ ಹಾಗೆ ಇಳಿಯಿತು, ಹ್ಯಾಂಡ್‌ಬ್ರೇಕಿನ ಗುಂಡಿ ಒತ್ತಿ ಹಲ್ಲು ಕಿರುಗುಟ್ಟದ ಹಾಗೆ ಮೆಲ್ಲಗೆ ಕೆಳಗೆ, ಎಡಗಾಲು ಸ್ವಲ್ಪ ಸ್ವಲ್ಪವೇ ಮೇಲೆ, ಕ್ಲಚ್ಚು ಹಿಡಿಯುವ ಜಾಗ ನನಗೆ ಗೊತ್ತು, ಎರಡು ಟನ್ ಕಬ್ಬಿಣ ಒಂದು ಗೇಣು ನಡೆಯಿತು, ಸದ್ದಿಲ್ಲದೆ, ಇವನ ಮಂಡಿಗೆ ಬಂಪರು ತಾಗಿದ ಮೇಲೆಯೇ ಇವನು ನೀರಿನಿಂದ ಕಣ್ಣೆತ್ತಿದ, ಏಯ್, ಗಾಡಿ ಬರ್ತಿದೆ, ಏಯ್ ಬ್ರೇಕ್ ಹಿಡಿಯೇ, ಬೆನ್ನು ಬೆಂಚಿಗೆ ಹತ್ತಿತು, ಕೈಗಳು ಗ್ರಿಲ್ಲಿನ ಪಟ್ಟಿಯನ್ನು ನೂಕಿದವು, ಬೆರಳ ಗೆಣ್ಣು ಬೆಳ್ಳಗಾಗುವಷ್ಟು ನೂಕಿದವು, ಗಾಡಿಯನ್ನು ನೂಕಲು ಆಗುವುದಿಲ್ಲ ಎಂದು ಅವಕ್ಕೆ ತಿಳಿಯುತ್ತಿದೆ, ಒತ್ತಿದೆ, ಮುರಿದಿಲ್ಲ, ಮುರಿಯಲು ನನ್ನ ಕಾಲು ಇನ್ನೊಂದು ಅಂಗುಲ ಮೇಲೆ ಬರಬೇಕು, ಸಂದಿನಲ್ಲಿ ಮತ್ತೆ ಎರಡು ಕಣ್ಣು, ಲೋಟದ ಆ ಬದಿ, ಈ ಕಣ್ಣುಗಳನ್ನು ನಾನು ನೋಡಿದ್ದೇನೆ, ಬಚ್ಚಲಮನೆಯ ಕನ್ನಡಿಯಲ್ಲಿ, ನನ್ನ ಮುಖದ ಮೇಲೆ, ಬೇಡ ಕಣೇ ಅನ್ನುತ್ತಿದ್ದಾನೆ, ಕಾಲು ಕಾಲು, ಬೇಡಮ್ಮ, ಅಮ್ಮ ಅನ್ನುತ್ತಿದ್ದಾನೆ ನನಗೆ, ನಲ್ಲಿ ಇನ್ನೂ ಸುರಿಯುತ್ತಿದೆ, ಮಗಳ ಶಾಲೆ ಬಿಡಲು ಇನ್ನೂ ಒಂದು ಗಂಟೆ ಇದೆ, ಹಿಂದಕ್ಕೆ ಹೋದರೆ ಸಂಜೆ ಇದೆ, ಮುಂದಕ್ಕೆ ಹೋದರೆ ಮೂಳೆ ಇದೆ, ಎಡಗಾಲು ನಡುಗುತ್ತಿದೆ, ತೊಡೆಯಿಂದ ಹಿಮ್ಮಡಿಯವರೆಗೆ, ಅದು ನಡುಗಿದಷ್ಟಕ್ಕೂ ಗಾಡಿ ಒಂದು ನೂಲು ಮುಂದೆ, ಇವನು ಕಿರುಚುತ್ತಾನೆ, ಒಂದು ನೂಲು ಹಿಂದೆ, ಇವನು ಉಸಿರು ಬಿಡುತ್ತಾನೆ, ನನಗೆ ಇವನು ಕಾಣುತ್ತಿಲ್ಲ, ಲೋಟ ಕಾಣುತ್ತಿದೆ, ನೀರು ಅಂಚಿನವರೆಗೆ ಬಂತು, ಅಂಚಿಗಿಂತ ಮೇಲೆ ಉಬ್ಬಿತು, ಉಬ್ಬಿ ನಿಂತಿತು, ಬೆಳಕು ಅದರ ಮೇಲೆ ಒಂದು ಗೆರೆಯಾಗಿ, ನೀರು, ಅಂಚು, ಉಬ್ಬಿದ ನೀರು — ಕಾಲು ಇಲ್ಲಿ — ನೀರು — ಚೆಲ್ಲಿಲ್ಲ, ಇನ್ನೂ ಚೆಲ್ಲಿಲ್ಲ, ಉಬ್ಬಿದ ನೀರು, ಇನ್ನೂ