ಭದ್ರ ಮಾಡಿಟ್ಟ ದನಿ

ಪಾಸ್‌ವರ್ಡ್ ತಪ್ಪಿದ್ದರೆ ತಪ್ಪು ಎಂದಾದರೂ ಹೇಳಬೇಕು. ಕತ್ತರಿಯಮ್ಮನ ಮುಂದಿದ್ದ ಕಂಪ್ಯೂಟರು ಅಷ್ಟು ಉಪಕಾರವನ್ನೂ ಮಾಡುತ್ತಿರಲಿಲ್ಲ. ಪಾಸ್‌ವರ್ಡ್ ಕೊಟ್ಟರೆ ಒಪ್ಪಿಕೊಂಡ ಹಾಗೆ ಮಾಡಿ ಪರದೆ ಕಪ್ಪಾಗುತ್ತಿತ್ತು. ಸದ್ಯ, ಒಳಗೆ ಬಿಟ್ಟಿತು ಎಂದು ಅವಳು ಉಸಿರು ಬಿಡುವಷ್ಟರಲ್ಲಿ ಮತ್ತೆ ಪಾಸ್‌ವರ್ಡ್ ಕೇಳುವ ಪುಟಕ್ಕೇ ತಂದು ನಿಲ್ಲಿಸುತ್ತಿತ್ತು. ಬೆಳಗಿನಿಂದ ಇದೇ ಆಟ.

ಬಟ್ಟೆ ಹೊಲಿಯುವ ಅವಳನ್ನು ಬೀದಿಯವರೆಲ್ಲ ಕತ್ತರಿಯಮ್ಮ ಎಂದೇ ಕರೆಯುತ್ತಿದ್ದರು. ಅವಳ ಗಂಡ ಕಾರು ಓಡಿಸುವುದನ್ನು ಕಲಿಸುವ ಮೇಷ್ಟ್ರು. ಗಂಟಲಲ್ಲಿ ಗಡ್ಡೆಯೆದ್ದು, ಕೆಲವು ವಾರದ ಹಿಂದೆ ಆಪರೇಷನ್ನಿನಲ್ಲಿ ಧ್ವನಿಪೆಟ್ಟಿಗೆಯನ್ನೇ ತೆಗೆದಿದ್ದರು. ಇನ್ನು ಅವರ ಬಾಯಿಂದ ಮಾತು ಬರುವ ಹಾಗಿಲ್ಲ. ಇದು ಮೊದಲೇ ಗೊತ್ತಿದ್ದ ಮೇಷ್ಟ್ರು, ಆಪರೇಷನ್ನಿಗೆ ಮುಂಚೆ ದಿನವೂ ಈ ಹಳೇ ಕಂಪ್ಯೂಟರಿನ ಮುಂದೆ ಕೂತು ನೂರಾರು ವಾಕ್ಯ ಓದಿ ರೆಕಾರ್ಡ್ ಮಾಡಿಟ್ಟಿದ್ದರು. ಅದನ್ನು ಕೊಟ್ಟರೆ ಮೇಷ್ಟ್ರ ಮೊಬೈಲು ಮುಂದೆ ಅವರದೇ ದನಿಯಲ್ಲಿ ಮಾತಾಡುವಂತೆ ಮಾಡಿಕೊಡುತ್ತೇವೆ ಎಂದು ಮಾತಿನ ತರಬೇತಿಯ ಡಾಕ್ಟರು ಹೇಳಿದ್ದರು. ಕಂಪ್ಯೂಟರಿನಿಂದ ಅದನ್ನು ತೆಗೆದುಕೊಳ್ಳಲು ನಾಳೆ ಡಾಕ್ಟರ ಕಡೆಯ ಜನ ಬರುವವರಿದ್ದರು. ಇನ್ನೊಮ್ಮೆ ಓದಿಸಲು ಗಂಟಲಿಲ್ಲ.

ಆ ಕಂಪ್ಯೂಟರನ್ನು ನಡೆಸುತ್ತಿದ್ದದ್ದು ಲಿನಕ್ಸ್ ಎಂಬ ತಂತ್ರಾಂಶ. 'ನಾನು ಬರೋ ತನಕ ಅಪ್‌ಡೇಟ್ ಮಾಡ್ಬೇಡ' ಎಂದು ಮೇಷ್ಟ್ರು ಹೇಳಿಯೇ ಹೋಗಿದ್ದರು. ಆದರೆ ಅಪ್‌ಡೇಟ್ ಮಾಡಿ ಎಂಬ ಚೀಟಿ ಪರದೆಯ ಮೂಲೆಯಲ್ಲಿ ದಿನಾ ಇಣುಕುತ್ತಿತ್ತು. ಬಾಗಿಲಿಗೆ ಬಂದವರನ್ನು ಎಷ್ಟು ದಿನ ಸುಮ್ಮನೆ ನಿಲ್ಲಿಸುವುದು? ನಿನ್ನೆ ಸಂಜೆ ಅವಳು ಹೂಂ ಎಂದು ಒತ್ತಿಬಿಟ್ಟಿದ್ದಳು.

ಮೊದಲು ಕಂಪ್ಯೂಟರ್ ರಿಪೇರಿಯವನಿಗೆ ಫೋನು ಮಾಡಿದಳು.

"ಅದನ್ನೆಲ್ಲ ನೋಡ್ತಾ ಕೂರೋಕಾಗಲ್ಲ ಅಕ್ಕ," ಎಂದ ಅವನು. "ಪೂರ್ತಿ ಅಳಿಸಿ ಹೊಸದಾಗಿ ಹಾಕ್ಕೊಡ್ತೀನಿ. ಹೊಸದರ ಥರ ಓಡತ್ತೆ."

ನೆಗಡಿ ಬಂತೆಂದು ಮೂಗು ಕೊಯ್ಯುವವರ ಹತ್ತಿರ ಏನು ಮಾತು? ಅವಳು ಫೋನಿಟ್ಟಳು. ಹೆದರುವವರ ಮೇಲೆ ಕಪ್ಪೆ ಎಸೆದ ಹಾಗಾಗಿತ್ತು, ಪೂರ್ತಿ ಅಳಿಸಿ ಎಂಬ ಮಾತೇ ಕಿವಿಯಲ್ಲಿ ಕೂತಿತು. ಇನ್ನು ಉಳಿದಿದ್ದವರು ಒಬ್ಬರೇ. ಅವರಿಗೆ ಹೇಳುವುದಕ್ಕೇ ಅವಳು ಬೆಳಗಿನಿಂದ ಹೆದರುತ್ತಿದ್ದದ್ದು.

ಆಸ್ಪತ್ರೆಯಲ್ಲಿದ್ದ ಮೇಷ್ಟ್ರ ಜೊತೆ ಫೋನಿನಲ್ಲಿ ಮಾತಾಡುವುದಕ್ಕೆ ಇಬ್ಬರೂ ಒಂದು ರೂಢಿ ಮಾಡಿಕೊಂಡಿದ್ದರು. ಅವಳು ಮಾತಾಡಬೇಕು, ಮೇಷ್ಟ್ರು ಕೇಳಿಸಿಕೊಂಡು ಮೆಸೇಜು ಬರೆಯಬೇಕು.

"ರೀ, ಒಂದು ತಪ್ಪು ಮಾಡಿಬಿಟ್ಟೆ," ಎಂದು ಶುರು ಮಾಡಿದವಳು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಆ ಕಡೆಯಿಂದ ಉಸಿರಾಟದ ಗೊರಗೊರ ಮಾತ್ರ ಕೇಳುತ್ತಿತ್ತು. ಬೈಯಲಿ, ಹೇಗಾದರೂ ಬೈಯಲಿ ಎಂದು ಅವಳು ಕಾದಳು.

ಮೆಸೇಜು ಬಂತು. 'ಗಾಡಿ ನಿಂತಿದೆ ಅಷ್ಟೇ. ಕೆಟ್ಟಿಲ್ಲ. ನಾನು ಹೇಳಿದಷ್ಟೇ ಮಾಡು. ಕಂಟ್ರೋಲ್, ಆಲ್ಟ್, ಎಫ್ ಮೂರು, ಮೂರೂ ಒಟ್ಟಿಗೆ ಒತ್ತು.'

ಒತ್ತಿದಳು. ಚಿತ್ರ, ಬಣ್ಣ ಎಲ್ಲ ಮಾಯವಾಗಿ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳಷ್ಟೇ ಉಳಿದವು.

"ಎಲ್ಲಾ ಹೋಯ್ತು ರೀ."

'ಏನೂ ಹೋಗಿಲ್ಲ. ಇದು ಹಿತ್ತಲ ಬಾಗಿಲು. ಹೆಸರು ಬರಿ, ಪಾಸ್‌ವರ್ಡ್ ಬರಿ. ಬರೆದದ್ದು ಕಾಣಲ್ಲ, ಗಾಬರಿ ಆಗ್ಬೇಡ.'

ಕುರುಡಿಯ ಹಾಗೆ ಬೆರಳಾಡಿಸಿ ಬರೆದಳು. ಬಾಗಿಲು ತೆರೆಯಿತು. ಡಿಸ್ಕಿನಲ್ಲಿ ಜಾಗ ಎಷ್ಟು ಉಳಿದಿದೆ ಎಂದು ಕೇಳುವ ಒಂದು ಆಜ್ಞೆಯನ್ನು ಮೇಷ್ಟ್ರು ಬರೆಸಿದರು. ಅಂಕಿಗಳ ಸಾಲು ಬಂತು. ಅದರಲ್ಲಿ ಎಲ್ಲಕ್ಕಿಂತ ದೊಡ್ಡ ಅಂಕಿಯಿದ್ದ ಸಾಲಿನಲ್ಲಿ ನೂರಕ್ಕೆ ನೂರು ಎಂದಿತ್ತು. ಅದನ್ನು ಓದಿ ಹೇಳಿದಳು.

'ಡಿಸ್ಕು ತುಂಬಿದೆ,' ಎಂದು ಬರೆದರು ಮೇಷ್ಟ್ರು. 'ಉಳಿದ ಚೂರು ಜಾಗ ಅಪ್‌ಡೇಟ್ ತಿಂದಿದೆ. ಒಳಗೆ ಬಿಡೋಕೆ ಮುಂಚೆ ಅದು ಏನೋ ಚೂರು ಬರ್ಕೋಬೇಕು, ಅದಕ್ಕೂ ಜಾಗ ಇಲ್ಲ. ಅದಕ್ಕೇ ಆಚೆ ತಳ್ತಿದೆ. ಆದ್ರೆ ಅರ್ಧ ಖಾಲಿ ಇತ್ತಲ್ಲ? ಏನು ತುಂಬಿದೆ ಅದರಲ್ಲಿ?'

"ಈಗೇನ್ ಮಾಡ್ಲಿ ಹೇಳಿ," ಎಂದಳು ಅವಳು.

'ಎಲ್, ಎಸ್ ಅಂತ ಬರೆದು ಎಂಟರ್ ಒತ್ತು. ಫೋಟೋ ಕಳಿಸು.'

ಒತ್ತಿದಳು. ಪಟ್ಟಿ ಬಂತು. ಮೇಷ್ಟ್ರ ಫೋಲ್ಡರು ಒಂದೇ, ಅದರ ಹೆಸರು 'ದನಿ'. ಉಳಿದದ್ದೆಲ್ಲ ಅವಳವು: ಭದ್ರ ಒಂದು, ಭದ್ರ ಎರಡು, ಭದ್ರ ಮೂರು, ಹೀಗೆ ಪರದೆಯ ಅಗಲಕ್ಕೂ ಹರಡಿದ್ದವು.

ಅಳತೆ ಕಾಗದದ ಮೂಲಪ್ರತಿಗೆ ಕತ್ತರಿ ತಾಗಿಸುವವಳಲ್ಲ ಅವಳು. ಮೊದಲು ನಕಲು ತೆಗೆದು, ಆ ನಕಲನ್ನು ಬಟ್ಟೆಯ ಮೇಲಿಡುವುದು ಅವಳ ಕಸುಬಿನ ರೀತಿ. ಗಂಡನ ದನಿಗೂ ಅದನ್ನೇ ಮಾಡಿದ್ದಳು. ದಿನಾ ಆಸ್ಪತ್ರೆಯಿಂದ ಬಂದೊಡನೆ, ಚಪ್ಪಲಿ ಕೂಡ ಕಳಚದೆ, ಇಡೀ ಫೋಲ್ಡರನ್ನು ಇನ್ನೊಂದು ಸಲ ನಕಲು ಮಾಡುತ್ತಿದ್ದಳು. ನಕಲುಗಳೆಲ್ಲ ಅದೇ ಡಿಸ್ಕಿನಲ್ಲಿ ಕೂರುತ್ತವೆ, ಡಿಸ್ಕು ಹೋದರೆ ಎಲ್ಲವೂ ಒಟ್ಟಿಗೇ ಹೋಗುತ್ತವೆ ಎಂದು ಅವಳಿಗೆ ಹೊಳೆದಿರಲಿಲ್ಲ. ಬೇಲಿಯೇ ಎದ್ದು ಹೊಲ ಮೇದಿತ್ತು.

ಆದರೆ ಅವಳು ಫೋಟೋ ಕಳಿಸಲು ಹಿಂಜರಿದದ್ದು ಅದಕ್ಕಲ್ಲ. ವಾರ್ಡಿನಲ್ಲಿ ಮೇಷ್ಟ್ರ ಹಾಸಿಗೆಯ ಪಕ್ಕ ಕೂತು ಅವಳು ನಗಿಸುತ್ತಿದ್ದಳು. ಏನೂ ಆಗಲ್ಲ, ಇನ್ನು ಮೇಲೆ ನನ್ನ ಮಾತಿಗೆ ಎದುರು ಮಾತಿಲ್ಲ ಎಂದು ಛೇಡಿಸುತ್ತಿದ್ದಳು. ಮನೆಗೆ ಬಂದು, ಇವರು ಬದುಕುವುದಿಲ್ಲ ಎಂದುಕೊಂಡು ನಕಲು ತೆಗೆಯುತ್ತಿದ್ದಳು. ಆ ಪಟ್ಟಿ ನೋಡಿದರೆ ಮೇಷ್ಟ್ರಿಗೆ ಅಷ್ಟೂ ತಿಳಿಯುತ್ತದೆ.

'ಫೋಟೋ?' ಎಂದು ಕೇಳಿತು ಮೊಬೈಲು.

ಕಳಿಸಿದಳು. ಮೇಷ್ಟ್ರು ಬರೆಯುತ್ತಿದ್ದಾರೆ ಎಂದು ಮೊಬೈಲು ತೋರಿಸುವುದು, ನಿಲ್ಲುವುದು, ಮತ್ತೆ ತೋರಿಸುವುದು.

'ಆಸ್ಪತ್ರೆಗೆ ಬಂದಾಗೆಲ್ಲ ನಗ್ತಿದ್ದೆಯಲ್ಲೇ.'

"ನಿಮ್ಮೆದುರು ಅಳ್ತಾ ಕೂರಕ್ಕಾಗತ್ತಾ?"

'ನಾನು ನಗ್ತಿದ್ದದ್ದೂ ಅದಕ್ಕೇ,' ಎಂದು ಬಂತು. ಅದರ ಬೆನ್ನಿಗೇ ಇನ್ನೊಂದು. 'ಆಪರೇಷನ್ ದಿನ ಬೆಳಿಗ್ಗೆ ನನ್ನ ಕಾಲು ನಡುಗ್ತಿತ್ತು. ಚಳಿ ಅಂದಿದ್ದೆ. ನೀನು ಇನ್ನೊಂದು ಹೊದಿಕೆ ಹೊದಿಸಿದ್ದೆ.'

ಕತ್ತರಿಯಮ್ಮ ಸೆರಗಿನಲ್ಲಿ ಮುಖ ಒತ್ತಿಕೊಂಡಳು.

'ಈಗ ಭದ್ರಗಳನ್ನೆಲ್ಲ ಅಳಿಸು. ನಾನು ಬರ್ತೀನಲ್ಲ, ಅಷ್ಟೆಲ್ಲ ಯಾಕೆ? ದನಿ ಮಾತ್ರ ಮುಟ್ಬೇಡ. ಆಜ್ಞೆ ಬರ್ಕೊಡ್ತೀನಿ. ನಿಜವಾಗ್ಲೂ ಅಳಿಸ್ಲಾ ಅಂತ ಅದು ಕೇಳಲ್ಲ, ಅಳಿಸಿಬಿಡತ್ತೆ. ಎಂಟರ್ ಒತ್ತೋ ಮುಂಚೆ ಒಂದೊಂದು ಅಕ್ಷರ ನನಗೆ ಓದಿ ಹೇಳು.'

ಒಂದೊಂದೇ ಅಕ್ಷರ ಓದಿ ಹೇಳಿದಳು. ಓದಿದ ಮೇಲೂ ಬೆರಳು ಇಳಿಯಲಿಲ್ಲ. ಕಣ್ಣು ತಪ್ಪಿ ಬೇರೆಯದನ್ನು ಬರೆದಿದ್ದರೆ? ಮೇಷ್ಟ್ರು ಕೇಳಿಸಿಕೊಂಡದ್ದೇ ತಪ್ಪಾಗಿದ್ದರೆ?

'ಒತ್ತು. ಬ್ರೇಕ್ ಮೇಲೆ ನನ್ನ ಕಾಲಿದೆ.'

ಹೊಸಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೇಷ್ಟ್ರು ಹೇಳುವ ಮಾತು ಅದು. ಅವಳು ಕಣ್ಣು ಮುಚ್ಚಿ ಒತ್ತಿದಳು. ಭದ್ರ ಒಂದು ಹೋಯಿತು. ಎರಡಕ್ಕೂ ಹಾಗೇ ಓದಿದಳು, ಮೂರಕ್ಕೂ ಓದಿದಳು. ಆಮೇಲೆ ಮೇಷ್ಟ್ರಿಗೆ ಕೇಳಿ ಸಾಕಾಗಿರಬೇಕು, 'ಇನ್ನು ನೀನೇ ಓಡಿಸು' ಎಂದರು.

ಕೊನೆಗೆ ಕಂಪ್ಯೂಟರನ್ನು ಆರಿಸಿ ಮತ್ತೆ ಹಚ್ಚಲು ಮೇಷ್ಟ್ರು ಹೇಳಿದರು. ಅವಳು ಪಾಸ್‌ವರ್ಡ್ ಬರೆದಳು. ಪರದೆ ಕಪ್ಪಾಯಿತು. ಇನ್ನು ನನ್ನ ಕೈಲಾಗದು ಎಂದು ಅವಳು ಕುರ್ಚಿಯ ಅಂಚನ್ನು ಹಿಡಿದುಕೊಳ್ಳುವಷ್ಟರಲ್ಲಿ ನೀಲಿ ಬೆಳಕು ಹರಡಿ ಒಳಗಿನ ಪುಟ ಬಂದು ನಿಂತಿತು.

ದನಿ ಫೋಲ್ಡರು ತೆರೆದು ಕೈಗೆ ಸಿಕ್ಕ ಒಂದನ್ನು ಒತ್ತಿದಳು. "ಸಂಜೆ ಬರೋವಾಗ ಏನಾದ್ರೂ ತರ್ಬೇಕಾ?" ಎಂದರು ಮೇಷ್ಟ್ರು, ಆಪರೇಷನ್ನಿಗೆ ಮುಂಚಿನ ದಪ್ಪ ದನಿಯಲ್ಲಿ. ಕೋಣೆ ತುಂಬಿಹೋಯಿತು. ಫೋನಿನ ಆ ಕಡೆ ಗೊರಗೊರ ಒಂದು ಕ್ಷಣ ತಡೆದು ನಿಂತು ಜೋರಾಗಿ ಮತ್ತೆ ಶುರುವಾಯಿತು.

"ಏನೂ ಬೇಡ, ನೀವು ಬಂದ್ರೆ ಸಾಕು," ಎಂದಳು ಅವಳು.

ಮೆಸೇಜು ಬಂತು. 'ಭದ್ರ ಎಲ್ಲಾ ತೆಗೆದೆ ತಾನೆ?'

"ಹೂಂ. ಒಂದೂ ಇಲ್ಲ."

ಕೊನೆಯದೊಂದನ್ನು ಅವಳು ಅಳಿಸಿರಲಿಲ್ಲ. ಗಂಡ ಬರುತ್ತೇನೆ ಎಂದದ್ದರ ಮೇಲೆ ಅವಳಿಗೆ ನಂಬಿಕೆ ಬಂದಿತ್ತು. ಭಯ ಮಾತ್ರ ಇನ್ನೂ ಹೋಗಿರಲಿಲ್ಲ.