ಎಡಗಡೆಯ ಸಿಲಿಂಡರ್

ಟೈಲರ್ ಮಾಮನ ಮೋಟಾರ್‌ಸೈಕಲ್ ಮೂರನೇ ಸಲ ನಮ್ಮ ಗ್ಯಾರೇಜಿಗೆ ಬಂತು. ಅವರು ಅದನ್ನು ಏರಿನ ಅರ್ಧದಿಂದ ತಳ್ಳಿಕೊಂಡೇ ಬಂದಿದ್ದರು. ಶರ್ಟಿನ ಬೆನ್ನು ಒದ್ದೆಯಾಗಿತ್ತು. ಅಳತೆಯ ಟೇಪನ್ನು ಕೊರಳಿನಿಂದ ತೆಗೆಯುವುದಕ್ಕೂ ಮರೆತಿದ್ದರು.

"ಮೇಸ್ತ್ರಿ, ಇಲ್ಲೇ ನಂಗೊಂದು ಹಾಸಿಗೆ ಹಾಸಿಬಿಡಿ. ಗಾಡಿ ನಮ್ಮನೇಲಿರೋದಕ್ಕಿಂತ ನಿಮ್ಮಲ್ಲೇ ಜಾಸ್ತಿ ಇರುತ್ತೆ."

"ಹಾಸಿಗೆ ನೀವೇ ತನ್ನಿ. ದಿಂಬು ಬೇಕಾದ್ರೆ ನಾನು ಕೊಡ್ತೀನಿ," ಎಂದು ಅಪ್ಪ ಮೂಲೆಯಲ್ಲಿದ್ದ ಹರಿದ ಸೀಟನ್ನು ತೋರಿಸಿದ.

ಇಬ್ಬರೂ ನಕ್ಕರು. ನಗು ಬೇಗ ಮುಗಿಯಿತು. ಟೈಲರ್ ಮಾಮ ಹಣೆ ಒರೆಸಿಕೊಂಡು, ಅಪ್ಪನ ಮುಖ ನೋಡದೆ ಹೇಳಿದರು: "ಬೇಜಾರು ಮಾಡ್ಕೋಬೇಡಿ. ಈ ಸಲಾನೂ ಸರಿಹೋಗ್ಲಿಲ್ಲ ಅಂದ್ರೆ ಬಸ್ ಸ್ಟ್ಯಾಂಡ್ ಹತ್ರ ಹೊಸ ಗ್ಯಾರೇಜ್ ಆಗಿದೆಯಲ್ಲ, ಅಲ್ಲಿಗೆ ಕೊಡ್ತೀನಿ. ಏನೋ ಕಂಪ್ಯೂಟರ್ ಪೆಟ್ಟಿಗೆ ಇಟ್ಟು ನೋಡ್ತಾರಂತೆ."

"ಪೆಟ್ಟಿಗೆಗೆ ಕಿವಿ ಇರುತ್ತಾ?" ಎಂದ ಅಪ್ಪ.

ಊರಿನಲ್ಲಿ ಅಪ್ಪನನ್ನು ಕರೆಯುವುದೇ ಕಿವಿ ಮೇಸ್ತ್ರಿ ಎಂದು. ನಮ್ಮ ಗ್ಯಾರೇಜಿಗೆ ಬೋರ್ಡಿಲ್ಲ. ಅದು ಬೇಕಾಗಿಯೂ ಇರಲಿಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿನ ಮೇಲಿಟ್ಟು, ಮರದ ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿ ಅಪ್ಪ ಕಣ್ಣು ಮುಚ್ಚುತ್ತಿದ್ದ. ಆಗ ಅಲ್ಲಿದ್ದವರು ಯಾರೂ ಮಾತಾಡುವ ಹಾಗಿಲ್ಲ. ಗಿರಾಕಿಗಳು ಅರ್ಧ ಹೇಳಿದ ಮಾತನ್ನು ಬಾಯಲ್ಲೇ ಇಟ್ಟುಕೊಂಡು ನಿಲ್ಲುತ್ತಿದ್ದರು. ಕಾಲೇಜಿನಲ್ಲಿ ಐದು ವರ್ಷ ತಾತ್ಕಾಲಿಕ ಉಪನ್ಯಾಸಕಿಯ ಕೆಲಸ ಮಾಡಿ, ದಿನವಿಡೀ ಮಾತಾಡಿ ಮಾತಾಡಿ, ಕೊನೆಗೆ ಅದೂ ಇಲ್ಲವಾಗಿ ಇಲ್ಲಿಗೆ ಬಂದವಳು ನಾನು. ಆ ಅರ್ಧ ನಿಮಿಷದ ಮೌನಕ್ಕಾಗಿಯೇ ಗ್ಯಾರೇಜು ನನಗೆ ಹಿಡಿಸಿತು ಎಂದರೆ ತಪ್ಪಾಗಲಾರದು. ಎರಡು ವರ್ಷಗಳಲ್ಲಿ ಕೈಗೆ ಕೆಲಸವೂ ಬಂತು.

ಟೈಲರ್ ಮಾಮನದು ನನಗಿಂತ ಹಳೆಯ ಗಾಡಿ. ಎರಡು ಸಿಲಿಂಡರ್. ಸಮತಟ್ಟಿನಲ್ಲಿ ಹೇಗೋ ಓಡುತ್ತದೆ. ಏರು ಬಂದ ಕೂಡಲೇ ಎಡಗಡೆಯದು ಕೈಕೊಡುತ್ತದೆ. ಮೊದಲ ಸಲ ಬಂದಾಗ ಅಪ್ಪ ಸ್ಕ್ರೂಡ್ರೈವರ್ ಇಟ್ಟು ಕೇಳಿ, "ಎಡದ್ದು ಹಸ್ಕೊಂಡಿದೆ. ಪೆಟ್ರೋಲ್ ಸಾಲ್ತಿಲ್ಲ," ಎಂದ. ಟ್ಯಾಂಕ್ ಇಳಿಸಿದೆವು, ಎಡಗಡೆಯ ಕಾರ್ಬುರೇಟರ್ ಬಿಚ್ಚಿ ತೊಳೆದೆವು, ಮತ್ತೆ ಟ್ಯಾಂಕ್ ಕೂರಿಸಿದೆವು. ಗಾಡಿ ಏರನ್ನು ನಗುನಗುತ್ತಾ ಹತ್ತಿತು. ಎಂಟು ದಿನಕ್ಕೆ ಅದೇ ರೋಗ. ಎರಡನೇ ಸಲ ಕಿಡಿ ಹಚ್ಚುವ ಪ್ಲಗ್‌ಗಳನ್ನು ಅದಲುಬದಲು ಮಾಡಿ ನೋಡಿದೆವು. ಎಡಗಡೆಯ ಪ್ಲಗ್ ಬಲಕ್ಕೆ ಹೋಗಿ ಚೆನ್ನಾಗಿಯೇ ಉರಿಯಿತು. ತಪ್ಪು ಎಡಗಡೆಯಲ್ಲೇ ಉಳಿಯಿತು. ಪುನಃ ಟ್ಯಾಂಕ್ ಇಳಿಸಿ ಕಾರ್ಬುರೇಟರ್ ತೊಳೆದೆವು. ಪುನಃ ಸರಿಹೋಯಿತು, ಪುನಃ ಎಂಟೇ ದಿನ.

ಆ ಎರಡೂ ಸಲ ನನಗೊಂದು ಸದ್ದು ಕೇಳಿಸಿತ್ತು. ಇಂಜಿನ್ನಿನ ಗಡಗಡದ ಮೇಲೆ ಸಣ್ಣಗೆ, ಒಣಗಿದ ದನಿಯಲ್ಲಿ, ಗಾಜಿಗೆ ಉಗುರು ತಾಗಿದ ಹಾಗೆ ಟಿಕ್, ಟಿಕ್. ಅಪ್ಪ ಅದರ ಬಗ್ಗೆ ಏನಾದರೂ ಹೇಳುತ್ತಾನೆಂದು ಕಾದೆ. ಹೇಳಲಿಲ್ಲ. ಅವನಿಗೆ ಕೇಳಿಸಿದೆ, ಲೆಕ್ಕಕ್ಕಿಲ್ಲದ ಸದ್ದೆಂದು ಬಿಟ್ಟಿದ್ದಾನೆ ಎಂದುಕೊಂಡೆ. ನನ್ನ ಕಿವಿಯನ್ನು ಅವನ ಕಿವಿಯ ಎದುರು ನಿಲ್ಲಿಸುವುದು ನನ್ನ ಯೋಚನೆಗೇ ಬರಲಿಲ್ಲ.

ಟೈಲರ್ ಮಾಮ ಐದು ಗಂಟೆಗೆ ಬರುತ್ತೇನೆಂದು ಹೋದರು. ಅಪ್ಪ ಗಾಡಿಗೆ ಒದ್ದು ಚಾಲೂ ಮಾಡಿದ. ನಾನು ಒದ್ದೆ ಬಟ್ಟೆಯನ್ನು ಎರಡೂ ಸೈಲೆನ್ಸರ್ ಪೈಪುಗಳ ಬುಡದಲ್ಲಿ ಹಿಂಡಿದೆ. ಬಲಗಡೆ ನೀರು ಚುಂಯ್ ಎಂದು ಆರಿತು. ಎಡಗಡೆಯ ಪೈಪಿನ ಮೇಲೆ ಹನಿಗಳು ಸುಮ್ಮನೆ ಕೂತವು.

"ಎಡದ್ದು ತಣ್ಣಗಿದೆ ಅಪ್ಪ."

ಅಪ್ಪ ಸ್ಕ್ರೂಡ್ರೈವರ್ ಇಟ್ಟು ಕಣ್ಣು ಮುಚ್ಚಿದ. ಟಿಕ್ ಸದ್ದು ಈ ಸಲ ಹಿಂದಿಗಿಂತ ಜೋರಾಗಿತ್ತು. ಬೀದಿಯಲ್ಲಿ ಹೋಗುವವರಿಗೂ ಕೇಳಿಸುವಷ್ಟು. ನಾನು ಅಪ್ಪನ ಮುಖ ನೋಡಿದೆ. ಏನಾದರೂ ಸಿಕ್ಕಿದರೆ ಅವನ ಎಡಹುಬ್ಬು ಒಂದಿಷ್ಟು ಮೇಲೇರುತ್ತದೆ. ಅದು ಅಲುಗಲಿಲ್ಲ.

ಆಗ ಬೇರೊಂದು ನೆನಪಾಯಿತು. ಅಪ್ಪನ ಕೈಗಡಿಯಾರ ದಿನಾ ಬೆಳಗ್ಗೆ ಏಳಕ್ಕೆ ಕಿರ್ ಕಿರ್ ಎನ್ನುತ್ತದೆ. ಈಚೆಗೆ ಕೆಲವು ತಿಂಗಳಿಂದ ಅದನ್ನು ನಿಲ್ಲಿಸುವುದು ಅಮ್ಮ. ಲೋಟ ಕೊಡುವ ನೆಪದಲ್ಲಿ ಅವನ ಮಣಿಕಟ್ಟು ಹಿಡಿದು ಗುಂಡಿ ಒತ್ತುತ್ತಾಳೆ. ಅಪ್ಪ ಪೇಪರಿನಿಂದ ತಲೆ ಎತ್ತುವುದಿಲ್ಲ. ಗಂಡಹೆಂಡಿರ ಯಾವುದೋ ರೂಢಿ ಎಂದು ನಾನು ಅದನ್ನು ನೋಡಿಯೂ ನೋಡದಂತಿದ್ದೆ. ಅವನಿಗೆ ಅದು ಕೇಳಿಸುವುದಿಲ್ಲವೆಂದು ಅಮ್ಮನಿಗೆ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಬಿಟ್ಟಿರಲಿಲ್ಲ.

ಬೇರಿಂಗಿನ ಗೊರಗೊರ, ಪಿಸ್ಟನ್ನಿನ ಬಡಿತದಂಥ ದಪ್ಪ ಸದ್ದುಗಳು ಮೂಳೆಯ ಮೂಲಕ ಅವನಿಗೆ ಈಗಲೂ ಸಿಗುತ್ತಿದ್ದವು. ಸಣ್ಣವು ಮಾತ್ರ ಹೇಳದೆ ಕೇಳದೆ ಒಂದೊಂದಾಗಿ ಹೊರಟುಹೋಗಿದ್ದವು.

"ಕಾರ್ಬುರೇಟರೇ ಕಣೆ. ಪೆಟ್ರೋಲ್ ಬಿಡೋ ಜೆಟ್ ಬದಲಾಯಿಸೋಣ. ಟ್ಯಾಂಕ್ ಇಳಿಸು," ಎಂದು ಅಪ್ಪ ಗಾಡಿ ನಿಲ್ಲಿಸಿದ.

ನಾನು ಸ್ಪ್ಯಾನರ್ ಹಿಡಿದು ನಿಂತೆ. ಆ ಟಿಕ್ ಪ್ಲಗ್ ವೈರಿನಿಂದ ಕಿಡಿ ಸೋರುವ ಸದ್ದೇ ಎಂದು ನನಗೆ ಈಗ ಖಾತ್ರಿಯಾಗಿತ್ತು. ಸುಲಭದ ದಾರಿ ಎದುರಿಗೇ ಇತ್ತು. ಅಪ್ಪ ಊಟಕ್ಕೆ ಹೋದಾಗ ಪ್ಲಗ್ ವೈರು ಬದಲಾಯಿಸಿಬಿಡುವುದು. ಹೊಸ ಜೆಟ್‌ನಿಂದಲೇ ಸರಿಹೋಯಿತು ಎಂದು ಅವನು ನಂಬುತ್ತಾನೆ, ಟೈಲರ್ ಮಾಮನೂ ನಂಬುತ್ತಾರೆ, ಕಿವಿ ಮೇಸ್ತ್ರಿಯ ಹೆಸರು ಹಾಗೇ ಇರುತ್ತದೆ. ಆದರೆ ಹಿಂದಿನ ವಾರ ಒಂದು ಸ್ಕೂಟರಿನ ಬ್ರೇಕು ಹಲ್ಲು ಜುಮ್ಮೆನ್ನುವಂತೆ ಕೀರುತ್ತಿದ್ದಾಗ ಅಪ್ಪ "ಏನಿಲ್ಲ, ತಗೊಂಡು ಹೋಗಿ" ಎಂದಿದ್ದ. ನಾನೇ ಏನೋ ಸಬೂಬು ಹೇಳಿ ಲೈನರ್ ಹಾಕಿಸಿದ್ದೆ. ನಾನಿಲ್ಲದ ದಿನ ಇನ್ನೊಂದು ಸ್ಕೂಟರ್ ಹಾಗೇ ಇಳಿಜಾರಿಗೆ ಹೋಗುತ್ತದೆ. ಇಷ್ಟೆಲ್ಲ ಗೊತ್ತಿದ್ದರೂ "ನಿನಗೆ ಕೇಳಿಸ್ತಿಲ್ಲ" ಎಂದು ಅವನ ಮುಖಕ್ಕೇ ಹೇಳಲು ಮನಸ್ಸು ಬರಲಿಲ್ಲ. ಅದನ್ನು ಹೇಳದೆಯೇ ಅವನಿಗೆ ತೋರಿಸಬಹುದೇ ಎಂದು ಯೋಚಿಸಿದೆ.

"ಟ್ಯಾಂಕ್ ಆಮೇಲೆ ಇಳಿಸೋಣ ಅಪ್ಪ. ಒಂದ್ನಿಮಿಷ ಶಟರ್ ಎಳೀತೀನಿ."

"ಯಾಕೆ, ಸಿನಿಮಾ ತೋರಿಸ್ತೀಯಾ?"

"ಹೂಂ. ಚಿಕ್ಕದು."

ಹೊಗೆ ಹೋಗಲೆಂದು ಹಿಂದಿನ ಗೋಡೆಯ ಫ್ಯಾನ್ ಹಾಕಿದೆ. ಶಟರನ್ನು ನೆಲದಿಂದ ಒಂದು ಗೇಣು ಬಿಟ್ಟು ಎಳೆದೆ. ಮಧ್ಯಾಹ್ನದ ಬೆಳಕು ನಮ್ಮ ಪಾದಗಳ ಹತ್ತಿರ ನಿಂತುಬಿಟ್ಟಿತು. ಗಾಡಿ ಚಾಲೂ ಮಾಡಿ, ತೇವಕ್ಕೆ ಕಿಡಿ ಎದ್ದು ಕಾಣಲೆಂದು ಟ್ಯಾಂಕಿನ ಕೆಳಗೆ ಬಾಟಲಿಯಿಂದ ಒಂದಿಷ್ಟು ನೀರು ಚಿಮುಕಿಸಿ, ಎಕ್ಸಲರೇಟರ್ ಮೆಲ್ಲಗೆ ತಿರುವಿದೆ.

"ಇಲ್ಲಿ ಬಗ್ಗಿ ನೋಡು."

ಎಡಗಡೆಯ ಪ್ಲಗ್ ವೈರು ಟ್ಯಾಂಕಿನಡಿಯಲ್ಲಿ ಚಾಸಿಗೆ, ಅಂದರೆ ಗಾಡಿಯ ಕಬ್ಬಿಣದ ಚೌಕಟ್ಟಿಗೆ ತಾಗುವ ಜಾಗದಲ್ಲಿ, ಕೂದಲೆಳೆಯಂಥ ಒಂದು ನೀಲಿ ಕಿಡಿ ವೈರಿನಿಂದ ಕಬ್ಬಿಣಕ್ಕೆ ಹಾರುತ್ತಿತ್ತು. ಹಾರುತ್ತಿತ್ತು, ಇಲ್ಲವಾಗುತ್ತಿತ್ತು, ಮತ್ತೆ ಹಾರುತ್ತಿತ್ತು. ಪ್ಲಗ್ಗಿಗೆ ಹೋಗಬೇಕಾದ ಬೆಂಕಿ ದಾರಿಯಲ್ಲೇ ಸೋರಿಹೋಗುತ್ತಿತ್ತು. ಅಪ್ಪ ಮಂಡಿಯೂರಿ ತುಂಬಾ ಹೊತ್ತು ನೋಡಿದ.

"ಟ್ಯಾಂಕ್ ಇಳಿಸಿದಾಗೆಲ್ಲ ವೈರು ಪಕ್ಕಕ್ಕೆ ಸರೀತಿತ್ತು," ಎಂದ, ತನಗೆ ತಾನೇ ಹೇಳಿಕೊಳ್ಳುವವನ ಹಾಗೆ. "ಓಡಾಡಿ ಓಡಾಡಿ ಎಂಟು ದಿನಕ್ಕೆ ಮತ್ತೆ ಇಲ್ಲೇ ಬಂದು ಕೂರ್ತಿತ್ತು. ನಾನು ಕಾರ್ಬುರೇಟರ್ ತೊಳೆದಿದ್ದಕ್ಕೆ ಸರಿಹೋಯ್ತು ಅಂದ್ಕೊಂಡೆ."

"ನಾನೂ ಹಾಗೇ ಅಂದ್ಕೊಂಡೆ."

ಕಿಡಿ ಹಾರುತ್ತಲೇ ಇತ್ತು. ಅಪ್ಪ ತಲೆ ಎತ್ತಲಿಲ್ಲ.

"ಇದು ಸದ್ದು ಮಾಡ್ತಿದೆಯಾ?"

ಕತ್ತಲಿದ್ದದ್ದು ಒಳ್ಳೆಯದಾಯಿತು. "ಹೂಂ," ಎಂದೆ.

"ಎಂಥದು?"

"ಟಿಕ್ ಟಿಕ್ ಅಂತ. ಸಣ್ಣಗೆ."

"ಮೊದಲ್ನೇ ಸಲಾನೂ ಇತ್ತಾ?"

"ಇತ್ತು."

"ಮತ್ಯಾಕೆ ಹೇಳ್ಲಿಲ್ಲ?"

"ನಿಂಗೆ ಕೇಳಿಸಿರುತ್ತೆ ಅಂದ್ಕೊಂಡೆ. ಅದೂ ಅಲ್ದೆ, ನೀನು ಕೇಳ್ತಿರುವಾಗ ಯಾರೂ ಮಾತಾಡಬಾರದಲ್ಲ."

ಅಪ್ಪ ಕೈ ಚಾಚಿ ಕೀಲಿ ತಿರುಗಿಸಿದ. ಇಂಜಿನ್ ನಿಂತಿತು. ಫ್ಯಾನಿನ ಸದ್ದು ಮಾತ್ರ ಉಳಿಯಿತು. ಅದು ಅವನಿಗೆ ಎಷ್ಟು ಕೇಳಿಸುತ್ತಿದೆಯೋ ನನಗೆ ತಿಳಿಯದು. ಅವನು ಗಾಡಿಯ ಫುಟ್‌ರೆಸ್ಟ್ ಹಿಡಿದುಕೊಂಡೇ ಕೂತಿದ್ದ. ನಾನು ಅವನ ಪಕ್ಕದಲ್ಲಿ ಹೋಗಿ ಕೂತೆ.

ಸ್ವಲ್ಪ ಹೊತ್ತಿನ ಮೇಲೆ ಅವನೇ ಎದ್ದು ಶಟರ್ ಎತ್ತಿದ. ಹೊಸ ವೈರನ್ನು ಅಳತೆಗೆ ಕತ್ತರಿಸಿ ಹಾಕಿದ. ಅದು ಚಾಸಿಗೆ ತಾಗದಂತೆ ರಬ್ಬರಿನ ತುಂಡು ಸುತ್ತಿ ಎರಡು ಕಡೆ ಕಟ್ಟಿದ. ಕೈಯಲ್ಲಿ ಎಂದಿನ ಹಿಡಿತವೇ ಇತ್ತು, ಒಂದು ಗಂಟನ್ನೂ ಎರಡನೇ ಸಲ ಹಾಕಲಿಲ್ಲ.

ಐದಕ್ಕೆ ಟೈಲರ್ ಮಾಮ ಬಂದರು. "ಏನಾಗಿತ್ತು ಮೇಸ್ತ್ರಿ? ನಿಮ್ಮ ಕಿವಿಗೆ ಸಿಕ್ತಾ ಕೊನೆಗೂ?"

ನಾನು ಸ್ಪ್ಯಾನರ್‌ಗಳನ್ನು ಒರೆಸುತ್ತಿದ್ದೆ. ಅಪ್ಪ ಹೌದೆಂದಿದ್ದರೂ ನಾನು ಸುಮ್ಮನಿರುತ್ತಿದ್ದೆ.

"ಇಲ್ಲ," ಎಂದ ಅಪ್ಪ. "ಪ್ಲಗ್ ವೈರು ಸೋರ್ತಿತ್ತು. ಎರಡು ಸಲಾನೂ ನಾನು ಹೇಳಿದ್ದು ತಪ್ಪು. ಸದ್ದು ಬರ್ತಾನೇ ಇತ್ತು, ನಂಗೆ ಕೇಳಿಸ್ಲಿಲ್ಲ. ಇವಳಿಗೆ ಕೇಳಿಸ್ತು."

ಟೈಲರ್ ಮಾಮ ನನ್ನನ್ನು ನೋಡಿದರು, ಅಪ್ಪನನ್ನು ನೋಡಿದರು. ಟೇಪಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದರು.

"ನಂಗೆ ಎರಡು ವರ್ಷದಿಂದ ಸೂಜಿಗೆ ದಾರ ಪೋಣಿಸೋಕಾಗಲ್ಲ ಮೇಸ್ತ್ರಿ," ಎಂದರು. "ಬೆಳಗ್ಗೆ ನಮ್ಮನೆಯವಳು ಇಪ್ಪತ್ತು ಸೂಜಿ ಪೋಣಿಸಿ ದಿಂಬಿಗೆ ಚುಚ್ಚಿಟ್ಟು ಹೋಗ್ತಾಳೆ. ಗಿರಾಕಿಗಳಿಗೆ ಹೇಳಿಲ್ಲ."

"ಇಪ್ಪತ್ತೂ ಮುಗಿದರೆ?"

"ಅಂಗಡಿ ಬಾಗಿಲು ಹಾಕ್ತೀನಿ. ತಲೆನೋವು ಅಂತೀನಿ."

ಅಪ್ಪ ನಕ್ಕ. ಈ ನಗು ಬೆಳಗಿನಷ್ಟು ಬೇಗ ಮುಗಿಯಲಿಲ್ಲ.

ಟೈಲರ್ ಮಾಮ ಗಾಡಿ ಹತ್ತಿ ಹೊರಟರು. ಅಪ್ಪ ರಸ್ತೆಯ ಅಂಚಿಗೆ ಹೋಗಿ ನಿಂತ, ನಾನೂ ಹೋದೆ. ಗಾಡಿ ಏರಿನ ಬುಡದಲ್ಲಿ ತಿರುಗಿ ಕಟ್ಟಡಗಳ ಹಿಂದೆ ಮರೆಯಾಯಿತು.

"ಹೇಗಿದೆ?" ಎಂದು ಕೇಳಿದ ಅಪ್ಪ.

"ಎರಡೂ ಒಂದೇ ಸಮ ಹೊಡೀತಿದೆ. ಈಗ ಗೇರ್ ಇಳಿಸಿದ್ರು."

"ತಡವರಿಸ್ತಾ?"

"ಇಲ್ಲ. ಹತ್ತುತ್ತಿದೆ. ಮೇಲಿನ ತಿರುವು ಬಂದಿರಬೇಕು."

"ಈಗ?"

ನಾನು ಇನ್ನೊಂದಿಷ್ಟು ಹೊತ್ತು ಕಿವಿಗೊಟ್ಟೆ.

"ಈಗ ನಂಗೂ ಕೇಳಿಸ್ತಿಲ್ಲಪ್ಪ," ಎಂದೆ.

ಅಪ್ಪ ತಲೆಯಾಡಿಸಿ ಒಳಗೆ ಹೋದ.