ದಾಳಿಂಬೆ ಸಿಪ್ಪೆಯ ಹಳದಿ

ನಮ್ಮ ಮನೆಯಲ್ಲಿ ಅಕ್ಕಿ ತೊಳೆದ ನೀರಿಗೂ ಒಂದು ಕೆಲಸವಿದೆ. ಅದು ಟೊಮೆಟೊ ಗಿಡಕ್ಕೆ ಹೋಗುತ್ತದೆ. ತರಕಾರಿ ಸಿಪ್ಪೆ ಹಿತ್ತಲಿನ ಗೊಬ್ಬರದ ಪೀಪಾಯಿಗೆ, ಹರಿದ ಅಂಗಿ ನೆಲ ಒರೆಸುವುದಕ್ಕೆ. ಏನನ್ನೂ ಚೆಲ್ಲಬಾರದು ಎನ್ನುವುದು ನನ್ನ ಹೆಂಡತಿಯ ಕಾನೂನು. ಭಾನುವಾರ ಸುಮ್ಮನೆ ಬಿದ್ದುಕೊಂಡಿರುವ ಗಂಡ ಮಾತ್ರ ಯಾವುದಕ್ಕೂ ಉಪಯೋಗಕ್ಕೆ ಬರುವುದಿಲ್ಲ ಎಂದು ಅವಳಿಗೆ ಸಿಟ್ಟು.

ನಾನು ನೀರಿನ ಪಂಪು ರಿಪೇರಿ ಮಾಡುವವನು. ನನಗೂ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ನಮ್ಮಿಬ್ಬರ ಕಿರುಚಾಟದ ನಡುವೆ ತಣ್ಣಗೆ ಓಡಾಡಿಕೊಂಡಿದ್ದವಳು ನನ್ನ ತಂಗಿ. ಮದುವೆ ಬೇಡವೆಂದು ನಮ್ಮ ಜೊತೆಯೇ ಉಳಿದವಳು. ಯೂನಿಫಾರಂ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುತ್ತಾಳೆ. ಬರೀ ಕಾಲರ್. ಇಷ್ಟು ವರ್ಷದಿಂದ ಹೊಲಿದರೂ ಒಂದು ಪೂರ್ತಿ ಅಂಗಿ ಅವಳ ಕೈಯಿಂದ ಆಚೆ ಹೋಗಿಲ್ಲ.

ಆ ಬೇಸರಕ್ಕೋ ಏನೋ, ಬಟ್ಟೆಗೆ ಬಣ್ಣ ಹಾಕುವ ಹುಚ್ಚು ಹಿಡಿಸಿಕೊಂಡಳು. ಅಂಗಡಿಯ ಬಣ್ಣವಲ್ಲ. ಈರುಳ್ಳಿ ಸಿಪ್ಪೆ, ಚಹಾ ಚರಟ, ದಾಳಿಂಬೆ ಸಿಪ್ಪೆ. ಮೂಲೆಯ ಜ್ಯೂಸ್ ಅಂಗಡಿಯಿಂದ ದಿನಾ ಸಂಜೆ ಒಂದು ಚೀಲ ಸಿಪ್ಪೆ ಹೊತ್ತು ತರುತ್ತಿದ್ದಳು. ಆ ಅಂಗಡಿಯವನು ಅವಳಿಗೆ ಸಿಪ್ಪೆ ಮೇಡಂ ಎಂದೇ ಹೆಸರಿಟ್ಟಿದ್ದ.

"ಎಲ್ಲಾರೂ ಹಣ್ಣು ತರ್ತಾರೆ, ನೀನು ಸಿಪ್ಪೆ ತರ್ತೀಯಲ್ಲೇ ಮಹಾರಾಯ್ತಿ," ಎಂದು ನನ್ನ ಹೆಂಡತಿ ಮೊದಲು ನಕ್ಕಿದ್ದಳು.

"ಬಣ್ಣ ತೆಗೆದ ಮೇಲೆ ನಿಮ್ಮ ಪೀಪಾಯಿಗೇ ಹಾಕ್ತೀನಿ ಅತ್ತಿಗೆ."

ಆ ಒಂದು ಮಾತಿಗೆ ಅತ್ತಿಗೆ ಒಲಿದುಬಿಟ್ಟಳು. ಮನೆಯಲ್ಲಿದ್ದ ಒಂದೇ ಒಂದು ದೊಡ್ಡ ಸ್ಟೀಲ್ ಪಾತ್ರೆಯನ್ನು ನಾದಿನಿಗೆ ಬಿಟ್ಟುಕೊಟ್ಟಳು. ಆ ಪಾತ್ರೆಯ ಪಕ್ಕದಲ್ಲಿ ಯಾವಾಗಲೂ ಒಂದು ಮರದ ಕೋಲು ಇರುತ್ತಿತ್ತು. ತಂಗಿ ಅದರಿಂದಲೇ ಬಟ್ಟೆ ತಿರುವುತ್ತಿದ್ದಳು. ಅಡುಗೆಯ ಕಬ್ಬಿಣದ ಸೌಟನ್ನು ಹತ್ತಿರ ಸೇರಿಸುತ್ತಿರಲಿಲ್ಲ.

ಯಾಕೆ ಎಂದು ನನಗೆ ಗೊತ್ತಿತ್ತು. ಒಮ್ಮೆ ನನ್ನ ಸುತ್ತಿಗೆ ತೆಗೆದುಕೊಂಡು ಹಸಿ ಸಿಪ್ಪೆ ಜಜ್ಜಿದ್ದಳು. ಬೆಳಿಗ್ಗೆ ನೋಡಿದರೆ ಸುತ್ತಿಗೆಯ ಮುಖಕ್ಕೆ ಮಸಿ ಬಳಿದ ಹಾಗಾಗಿತ್ತು. ನಾನು ಮನೆ ಹಾರಿಹೋಗುವ ಹಾಗೆ ಕೂಗಾಡಿದೆ. ಅವಳು ಹುಣಸೆಹಣ್ಣು ಹಚ್ಚಿ ಉಜ್ಜುತ್ತಾ, "ಕಬ್ಬಿಣಕ್ಕೂ ಈ ರಸಕ್ಕೂ ಆಗಲ್ಲ ಅಣ್ಣಾ, ಕಪ್ಪಾಗ್ಬಿಡತ್ತೆ. ನನಗೂ ಈಗಲೇ ಗೊತ್ತಾಗಿದ್ದು," ಎಂದಳು. ಸುತ್ತಿಗೆ ಬೆಳ್ಳಗಾಯಿತು, ನಾನು ವಿಷಯ ಮರೆತೆ. ಹೆಂಡತಿಗೆ ಹೇಳಬೇಕೆಂದು ತೋಚಲೇ ಇಲ್ಲ.

ಅವಳ ಬಣ್ಣ ಬಹಳ ಕಾಲ ಸರಿಯಾಗಿ ಕೂರಲಿಲ್ಲ. ಒಂದು ಕಡೆ ಗಾಢ, ಒಂದು ಕಡೆ ತೆಳು. ಒಗೆದರೆ ಅರ್ಧ ನೀರಿನ ಪಾಲು. ಪಟಿಕದ ನೀರಲ್ಲಿ ಬಟ್ಟೆ ಮೊದಲೇ ನೆನೆಸಿ, ಒಣಗಿಸಿ, ಮತ್ತೆ ನೆನೆಸಿ, ಅಂತೂ ಒಂದು ಸಲ ಕರವಸ್ತ್ರದಷ್ಟು ತುಂಡಿನ ಮೇಲೆ ಹಳದಿ ಬಂತು. ಬೆಳಗಿನ ಬಿಸಿಲು ಗೋಡೆಯ ಮೇಲೆ ಬಿದ್ದ ಹಾಗಿತ್ತು. ಪೇಟೆಯಲ್ಲಿ ಪರದೆ ಬಟ್ಟೆಯ ಅಂಗಡಿ ಇಟ್ಟಿದ್ದ ಒಬ್ಬ ಹೆಂಗಸಿಗೆ ತೋರಿಸಿದಳು. ಆಕೆ ಅದನ್ನು ಬೆಳಕಿಗೆ ಹಿಡಿದು, "ಪೂರ್ತಿ ಒಂದು ಪರದೆ ಹೀಗೇ ಮಾಡಿ ತನ್ನಿ. ಸೋಮವಾರದೊಳಗೆ. ಚೆನ್ನಾಗಿ ಬಂದ್ರೆ ಅಂಗಡಿ ಹಿಂದಿನ ಕೋಣೆ ನಿಮಗೇ, ಅಲ್ಲೇ ಕೆಲಸ ಮಾಡಿ," ಎಂದಳಂತೆ.

ಅವತ್ತು ತಂಗಿ ಊಟಕ್ಕೆ ಕೂತಾಗ ಎರಡು ಸಲ ನಕ್ಕಳು. ಕಾಲರ್ ಹೊಲಿಯುವ ಕೆಲಸಕ್ಕೆ ಸೇರಿದ ಮೇಲೆ ಅವಳು ಊಟದ ಹೊತ್ತಿಗೆ ನಕ್ಕಿದ್ದು ನನಗೆ ನೆನಪಿಲ್ಲ.

ಇದ್ದ ದುಡ್ಡಿಗೆಲ್ಲ ಒಳ್ಳೆಯ ಹತ್ತಿ ಬಟ್ಟೆ ತಂದಳು. ಶನಿವಾರ ರಾತ್ರಿ ಬಣ್ಣದಲ್ಲಿ ಅದ್ದಿಟ್ಟಳು. ಭಾನುವಾರ ಸಂಜೆಯವರೆಗೆ ನೆನೆಯಬೇಕು. ಬೆಳಿಗ್ಗೆ ಕಾರ್ಖಾನೆಯಲ್ಲಿ ಹೆಚ್ಚಿನ ಕೆಲಸವೆಂದು ಅರ್ಧ ದಿನಕ್ಕೆ ಹೋಗುವಾಗ ಮುಚ್ಚಳ ತೆಗೆದು ನನಗೂ ತೋರಿಸಿದಳು. ಒಂದು ಕಲೆ ಇಲ್ಲ. ಒಂದೇ ಸಮ ಹಳದಿ.

"ಅತ್ತಿಗೆ, ಚೆಲ್ಬೇಡಿ, ಆಯ್ತಾ?"

"ನಾನು ಏನನ್ನಾದ್ರೂ ಚೆಲ್ಲಿದ್ದು ನೋಡಿದ್ದೀಯೇನೇ?"

ಅವಳು ಹೋದ ಸ್ವಲ್ಪ ಹೊತ್ತಿಗೆ ನನ್ನ ಜೊತೆ ಪಂಪು ಬಿಚ್ಚುವ ಹುಡುಗರೆಲ್ಲ ಬಾಗಿಲಲ್ಲಿ ನಿಂತರು. ಊಟಕ್ಕೆ ಬನ್ನಿ ಎಂದು ನಾನೇ ಕರೆದಿದ್ದೆ. ಮನೆಯಲ್ಲಿ ಹೇಳುವುದು ಬಿಟ್ಟುಹೋಗಿತ್ತು.

"ರೀ, ಇಷ್ಟು ಜನಕ್ಕೆ ಅನ್ನ ಯಾವುದ್ರಲ್ಲಿ ಮಾಡ್ಲಿ, ನಿಮ್ಮ ತಲೆಯಲ್ಲಾ? ಅದಂತೂ ಖಾಲಿ ಇದೆ," ಎಂದು ಹೆಂಡತಿ ಅಡುಗೆಮನೆಯಿಂದಲೇ ಕೂಗಿದಳು. ಹುಡುಗರು ನಕ್ಕರು. ನಾನೂ ನಕ್ಕೆ.

ಅವಳು ಚೆಲ್ಲಲಿಲ್ಲ. ಅದನ್ನು ಗಟ್ಟಿಯಾಗಿಯೇ ಹೇಳಬೇಕು. ಅವಳ ಹತ್ತಿರ ಒಂದು ಹಳೆಯ, ಅಗಲವಾದ ಕಬ್ಬಿಣದ ಬಾಣಲೆ ಇತ್ತು. ಅದರಲ್ಲಿ ಬೇಯಿಸಿದ್ದು ತಿಂದರೆ ಮೈಗೆ ರಕ್ತ ಬರುತ್ತದೆ ಎಂದು ಅವಳ ನಂಬಿಕೆ. ಯಾರಿಗೂ ಮುಟ್ಟಲು ಕೊಡುತ್ತಿರಲಿಲ್ಲ. ಆ ಬಾಣಲೆಯನ್ನು ತಿಕ್ಕಿ ತೊಳೆದು, ಬಣ್ಣದ ನೀರನ್ನು ಒಂದು ಹನಿ ಆಚೆ ಬೀಳದ ಹಾಗೆ ಬಗ್ಗಿಸಿ, ಬಟ್ಟೆಯನ್ನು ಮಗು ಮಲಗಿಸಿದ ಹಾಗೆ ಅದರಲ್ಲಿ ಇಳಿಸಿದಳು. ತಣ್ಣಗಾಗದಿರಲಿ ಎಂದು ಕೆಳಗೆ ಸಣ್ಣ ಉರಿ ಬೇರೆ ಇಟ್ಟಳು. ಮೇಲೆ ತಟ್ಟೆ ಮುಚ್ಚಿದಳು. ಆಮೇಲೆ ಸ್ಟೀಲ್ ಪಾತ್ರೆಯಲ್ಲಿ ಅನ್ನ ಮಾಡಿ, ಬೇಳೆ ಬೇಯಿಸಿ, ಹಿತ್ತಲಿನ ಸೊಪ್ಪು ಬಾಡಿಸಿದಳು. ಹುಡುಗರು ಬೆರಳು ನೆಕ್ಕಿದರು.

ಅವರು ಕೈ ತೊಳೆಯುತ್ತಿದ್ದಾಗ ತಂಗಿ ಬಂದಳು. ಸ್ಟೀಲ್ ಪಾತ್ರೆಯ ತಳದಲ್ಲಿ ಅನ್ನದ ಅಗುಳು ಕಂಡಳು. ಒಲೆಯ ಕಡೆ ತಿರುಗಿ ತಟ್ಟೆ ಎತ್ತಿದಳು.

ಹಳದಿ ಎಲ್ಲಿಯೂ ಇರಲಿಲ್ಲ. ಒದ್ದೆ ಬೂದಿಯ ಬಣ್ಣ, ಮಡಿಕೆ ಇದ್ದ ಕಡೆಗಳಲ್ಲಿ ಇನ್ನೂ ಕಪ್ಪು.

"ಇನ್ನೊಂದು ಸಲ ಒಗೆದ್ರೆ ಹೋಗತ್ತೇನೋ," ಎಂದಳು ಹೆಂಡತಿ. ಅವಳ ಮುಖವೂ ಬಟ್ಟೆಯ ಹಾಗೇ ಆಗಿತ್ತು.

ತಂಗಿ ತಟ್ಟೆ ಕೆಳಗಿಟ್ಟು ಅತ್ತಿಗೆಯ ಕಡೆ ನೋಡಿದಳು. ಆ ನೋಟವೇ ಹೆಂಡತಿಯನ್ನು ಕೆರಳಿಸಿತು.

"ಅದೇನು ಹಾಗೆ ನೋಡ್ತೀಯಾ? ಚೆಲ್ಲಿದ್ನಾ? ನನ್ನ ಬಾಣಲೆ ಕೊಟ್ಟೆ ಕಣೇ! ಜನಕ್ಕೆ ಅನ್ನ ಹಾಕೋದು ಮುಖ್ಯಾನಾ, ನಿನ್ನ ಸಿಪ್ಪೆ ನೀರು ಮುಖ್ಯಾನಾ? ಆಟ ಆಡೋ ವಯಸ್ಸಾ ನಿಂದು?"

ತಂಗಿ ಒಲೆ ಆರಿಸಿದಳು. ಮೂಲೆಯಲ್ಲಿದ್ದ ಮರದ ಕೋಲನ್ನು ಕೈಗೆ ತೆಗೆದುಕೊಂಡು ನೋಡಿದಳು. "ಇದನ್ನ ಯಾಕೆ ಇಟ್ಕೊಂಡಿದ್ದೆ ಅಂತ ನೀವು ಒಂದು ದಿನಾನೂ ಕೇಳ್ಲಿಲ್ಲ ಅಲ್ವಾ ಅತ್ತಿಗೆ," ಎಂದಳು.

ನಾನು ಬಚ್ಚಲ ಬಾಗಿಲಲ್ಲಿ ಹುಡುಗರಿಗೆ ಟವೆಲ್ ಹಿಡಿದು ನಿಂತಿದ್ದೆ.

ಸೋಮವಾರ ಅದೇ ಬಟ್ಟೆಯನ್ನು ಅಂಗಡಿಗೆ ಒಯ್ದಳು. "ಏನಂದ್ರು?" ಎಂದು ಕೇಳಿದೆ.

"ಬೇರೆ ಯಾರಿಗೋ ಹೇಳಿದ್ದಾರಂತೆ."

"ಬಾಣಲೆ ವಿಷಯ ಹೇಳ್ಬೇಕಿತ್ತು."

"ಮನೆ ಮಾತು ಅಂಗಡೀಲಿ ಯಾಕಣ್ಣ? ನನ್ನ ಕೈ ತಪ್ಪಿತು ಅಂದೆ."

"ಇನ್ನೊಂದು ಬಟ್ಟೆ ತಾ. ನಾನು ಕೊಡಿಸ್ತೀನಿ. ಮಾಡಿ ತೋರಿಸು ಆ ಅಂಗಡಿಯವಳಿಗೆ!" ನನ್ನ ಗಂಟಲು ಏರಿತ್ತು.

"ಕೂಗ್ಬೇಡ ಅಣ್ಣ. ಆ ಹಳದಿ ಮತ್ತೆ ಬರತ್ತೆ ಅಂತ ನನಗೇ ಅನ್ನಿಸ್ತಿಲ್ಲ."

ಆ ವಾರವೇ ಬೂದಿ ಬಟ್ಟೆಯನ್ನು ಕತ್ತರಿಸಿ, ಅಂಚು ಮಡಿಸಿ ಹೊಲಿದು, ಬಿಸಿ ಪಾತ್ರೆ ಹಿಡಿಯುವ ಮಸಿಬಟ್ಟೆಗಳನ್ನು ಮಾಡಿ ಅಡುಗೆಮನೆಯಲ್ಲಿಟ್ಟಳು. "ಮಸಿ ಆದ್ರೂ ಕಾಣಲ್ಲ ಅತ್ತಿಗೆ," ಎಂದಳು. ಕುಹಕವಿರಲಿಲ್ಲ. ಇದ್ದಿದ್ದರೆ ನನ್ನ ಹೆಂಡತಿ ಜಗಳವಾಡಿ ಹಗುರಾಗುತ್ತಿದ್ದಳು. ಎಷ್ಟು ಚೆನ್ನಾಗಿ ಹೊಲಿದಿದ್ದಳೆಂದರೆ, ಮೂಲೆಗಳೆಲ್ಲ ಕಾಲರಿನ ಹಾಗೆ ಚೂಪಾಗಿದ್ದವು.

ಕೆಲವು ದಿನ ಕಳೆದ ಮೇಲೆ ನನ್ನ ಹೆಂಡತಿ ಹಳೆ ಪಾತ್ರೆ ಅಂಗಡಿಯಿಂದ ಒಂದು ದೊಡ್ಡ ಸ್ಟೀಲ್ ಪಾತ್ರೆಯನ್ನು ಸೊಂಟದ ಮೇಲೆ ಹೊತ್ತು ತಂದಳು. ಹಿತ್ತಲ ಕಟ್ಟೆಯ ಮೇಲಿಟ್ಟು, ಯಾರ ಮುಖವನ್ನೂ ನೋಡದೆ, "ಇದನ್ನ ನಾನು ಮುಟ್ಟಲ್ಲ. ಬೇಕಾದವ್ರು ಇಟ್ಕೊಳ್ಳಲಿ," ಎಂದಳು. ಆ ಮರದ ಕೋಲನ್ನು ತೊಳೆದು ಪಾತ್ರೆಯ ಮೇಲೆ ಅಡ್ಡ ಇಟ್ಟಳು. ಜ್ಯೂಸ್ ಅಂಗಡಿಗೂ ತಾನೇ ಹೋಗತೊಡಗಿದಳು. "ಸಿಪ್ಪೆ ಮೇಡಂ ಎಲ್ಲಿ, ರಜೆನಾ?" ಎಂದು ಅವನು ಕೇಳಿದರೆ, "ನಿನಗ್ಯಾಕೋ ಅಧಿಕಪ್ರಸಂಗ, ಚೀಲ ತುಂಬು," ಎಂದು ಗದರಿದಳಂತೆ. ತಂದ ಸಿಪ್ಪೆಯನ್ನು ಮಹಡಿಯ ಮೇಲೆ ಹರಡಿ ಒಣಗಿಸಿದಳು. ಒಂದು ಗೋಣಿಚೀಲ ತುಂಬಿತು.

ತಂಗಿ ನೋಡಿದಳು. "ಯಾಕೆ ಸುಮ್ನೆ ಕಷ್ಟ ಪಡ್ತೀರಾ ಅತ್ತಿಗೆ," ಎಂದಳು, ಪ್ರೀತಿಯಿಂದಲೇ.

"ಕಷ್ಟ ಏನು ಬಂತು. ಇರ್ಲಿ ಅಂತ."

ಅದರ ಮುಂದಿನ ಭಾನುವಾರ ಬೆಳಿಗ್ಗೆ ಹಿತ್ತಲಲ್ಲಿ ನೀರು ಬಿಟ್ಟ ಸದ್ದಾಯಿತು. ಹೆಂಡತಿ ಹೆಚ್ಚುತ್ತಿದ್ದ ಸೊಪ್ಪನ್ನು ಹಾಗೇ ಬಿಟ್ಟು ಎದ್ದು ಕಿಟಕಿಗೆ ಹೋದಳು. ನಾನೂ ಹಿಂದೆಯೇ ಹೋದೆ. ತಂಗಿ ಹೊಸ ಪಾತ್ರೆಗೆ ನೀರು ತುಂಬುತ್ತಿದ್ದಳು. ಮರದ ಕೋಲು ಅವಳ ಕೈಯಲ್ಲಿತ್ತು. ಹೆಂಡತಿ ನನ್ನ ತೋಳು ಹಿಡಿದುಕೊಂಡಳು.

ತಂಗಿ ಸಾಬೂನಿನ ಪುಡಿ ಉದುರಿಸಿದಳು. ತನ್ನ ಕಾರ್ಖಾನೆಯ ನೀಲಿ ಅಂಗಿಗಳನ್ನು ಒಂದೊಂದಾಗಿ ಅದರೊಳಗೆ ಅದ್ದಿ, ಕೋಲಿನಿಂದ ಒತ್ತಿ, ಒಳಗೆ ಬಂದಳು.

"ಪಾತ್ರೆ ಒಳ್ಳೇದಿದೆ ಅತ್ತಿಗೆ. ವಾರದ ಬಟ್ಟೆ ಎಲ್ಲಾ ಒಂದೇ ಸಲಕ್ಕೆ ಹಿಡಿಯತ್ತೆ."

"ಹೂಂ," ಎಂದಳು ಹೆಂಡತಿ.

ಮಧ್ಯಾಹ್ನ ಅವಳೊಬ್ಬಳೇ ಮಹಡಿ ಹತ್ತಿ ಗೋಣಿಚೀಲ ಇಳಿಸಿದಳು. ನಾನು ಕೈ ಹಾಕಲು ಹೋದರೆ ಬೈದಳು. ಚೀಲದಲ್ಲಿದ್ದುದನ್ನೆಲ್ಲ ಪೀಪಾಯಿಗೆ ಸುರಿದು, ಮೇಲೆ ಒಂದು ಪದರ ಮಣ್ಣು ಎಳೆದು, ಮುಚ್ಚಳ ಹಾಕಿ ಬಂದಳು. ಕೈ ತೊಳೆದು ಒಲೆ ಹಚ್ಚಿದಳು. ಬೇಳೆ ಬೆಂದ ಮೇಲೆ ಬಾಣಲೆ ಇಳಿಸಲು ಬೂದಿ ಬಣ್ಣದ ಬಟ್ಟೆ ಕೈಗೆತ್ತಿಕೊಂಡವಳು, ಅದನ್ನು ಮತ್ತೆ ಗೂಟಕ್ಕೆ ಸಿಕ್ಕಿಸಿ, ಸೆರಗಿನ ತುದಿಯಲ್ಲೇ ಇಳಿಸಿದಳು. ಕೈ ಸುಟ್ಟಿತು. ಸುಟ್ಟಿತು ಎಂದು ಹೇಳಲಿಲ್ಲ.